ಐರಿಷ್ ಅಡ್ಡಹೆಸರಿನ ಬೇರು ಹುಡುಕುವ ಬಗೆ: ಊರು ಮೊದಲು, ಅರ್ಥ ಆಮೇಲೆ

ಐರಿಷ್ ಅಡ್ಡಹೆಸರಿನ ಮೂಲ ಹುಡುಕಲು ಹೊರಟವರು ಮೊದಲು ಕೇಳುವುದು ‘ಇದರ ಅರ್ಥವೇನು?’ ಎಂದು. ಆ ಪ್ರಶ್ನೆ ಕೊನೆಯಲ್ಲಿರಲಿ. ಮೊದಲು ಬೇಕಾದದ್ದು ಊರು. ಸ್ಮಿತ್ ಎಂಬ ಹೆಸರನ್ನೇ ನೋಡಿ. ಕ್ಯಾವನ್ ಕೌಂಟಿಯ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂತೆ) ಸ್ಮಿತ್‌ಗಳಲ್ಲಿ ಹೆಚ್ಚಿನವರು ಗೇಲಿಕ್, ಅಂದರೆ ಐರಿಷ್ ಭಾಷೆಯ ಮೂಲನಿವಾಸಿ ಮನೆತನದವರು. ಅವರ ಮೂಲ ಹೆಸರು ಮ್ಯಾಕ್ ಗವನ್, ಅಂದರೆ ಕಮ್ಮಾರನ ಮಗ. ಅದು ಇಂಗ್ಲಿಷಿಗೆ ಅನುವಾದವಾಗಿ ಸ್ಮಿತ್ ಆಯಿತು. ಆಂಟ್ರಿಮ್ ಕೌಂಟಿಯ ಸ್ಮಿತ್ ಆದರೆ 17ನೇ ಶತಮಾನದಲ್ಲಿ ಸ್ಕಾಟ್ಲೆಂಡಿನಿಂದಲೋ ಇಂಗ್ಲೆಂಡಿನಿಂದಲೋ ಬಂದು ನೆಲೆಸಿದ ಕುಟುಂಬವಾಗಿರುವ ಸಾಧ್ಯತೆಯೇ ಹೆಚ್ಚು. ಊರು ತಿಳಿಯದೆ ಅರ್ಥ ಹೇಳುವುದು ಕತ್ತಲಲ್ಲಿ ಕಲ್ಲೆಸೆದಂತೆ.

ರೂಪಗಳ ಪಟ್ಟಿ

ಹುಡುಕಾಟಕ್ಕೆ ಮುಂಚೆ ಹೆಸರಿನ ಎಲ್ಲ ರೂಪಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಹತ್ತು ಹನ್ನೆರಡು ರೂಪ ಸಿಗುವುದು ಸಾಮಾನ್ಯ. ‘ಓ’ ಎಂದರೆ ಮೊಮ್ಮಗ ಅಥವಾ ವಂಶಜ, ‘ಮ್ಯಾಕ್’ ಎಂದರೆ ಮಗ. 17 ಮತ್ತು 18ನೇ ಶತಮಾನಗಳಲ್ಲಿ ಸಾವಿರಾರು ಕುಟುಂಬಗಳು ಇವನ್ನು ಕೈಬಿಟ್ಟವು. 19ನೇ ಶತಮಾನದ ಕೊನೆಯಲ್ಲಿ ಗೇಲಿಕ್ ಪುನರುಜ್ಜೀವನದ ಹೊತ್ತಿಗೆ ಹಲವರು ಮತ್ತೆ ಸೇರಿಸಿಕೊಂಡರು. ಹೀಗಾಗಿ 1860ರ ದಾಖಲೆಯ ಸಲಿವನ್ 1911ರಲ್ಲಿ ಓ’ಸಲಿವನ್ ಆಗಿರಬಹುದು. ಓ ಕಹಾನ್ ಎಂಬ ಒಂದೇ ಮೂಲದಿಂದ ಕೇನ್, ಓ’ಕೇನ್, ಕೀನ್, ಕಹನ್ ಎಲ್ಲವೂ ಹುಟ್ಟಿವೆ.

ಡಿಜಿಟಲ್ ಸೂಚಿಗಳಲ್ಲಿ ಹುಡುಕುವಾಗ ‘ಓ’ ಇಟ್ಟು ಒಮ್ಮೆ, ಬಿಟ್ಟು ಒಮ್ಮೆ, ನಡುವೆ ಖಾಲಿ ಜಾಗ ಕೊಟ್ಟು ಇನ್ನೊಮ್ಮೆ ನೋಡಿ. ಕೆಲವು ಸೂಚಿಗಳಲ್ಲಿ ಓ ಅಕ್ಷರವನ್ನೇ ಮಧ್ಯದ ಹೆಸರೆಂದು ದಾಖಲಿಸಿರುತ್ತಾರೆ. ಐರಿಷ್ ಭಾಷೆಯ ದಾಖಲೆಯಲ್ಲಿ ಹೆಣ್ಣುಮಕ್ಕಳ ಹೆಸರಿನಲ್ಲಿ ‘ಓ’ ಬದಲು ‘ನೀ’, ‘ಮ್ಯಾಕ್’ ಬದಲು ‘ನಿಕ್’ ಬರುತ್ತದೆ. ಅದು ಬೇರೆ ಮನೆತನವಲ್ಲ. ‘ಮ್ಯಾಕ್ ಎಂದು ಪೂರ್ತಿ ಬರೆದರೆ ಸ್ಕಾಟಿಷ್, ಮೊಟಕು ಮಾಡಿ ಬರೆದರೆ ಐರಿಷ್’ ಎಂಬ ಮಾತು ಬಹಳ ಓಡಾಡುತ್ತದೆ. ಅದರಲ್ಲಿ ಹುರುಳಿಲ್ಲ, ಎರಡೂ ಒಂದೇ ಪದ.

ಹಿಂದಕ್ಕೆ ನಡೆಯುವುದು

ಗೊತ್ತಿರುವ ಕೊನೆಯ ವ್ಯಕ್ತಿಯಿಂದ ಹಿಂದಕ್ಕೆ ಹೋಗಿ. ಐರ್ಲೆಂಡಿನ ರಾಷ್ಟ್ರೀಯ ಪತ್ರಾಗಾರ 1901 ಮತ್ತು 1911ರ ಜನಗಣತಿಯ ಹಾಳೆಗಳನ್ನು ಉಚಿತವಾಗಿ ಆನ್‌ಲೈನ್‌ನಲ್ಲಿ ಇಟ್ಟಿದೆ. ಪ್ರತಿ ಮನೆಯ ನಮೂನೆಯಲ್ಲಿ ವಯಸ್ಸು, ಧರ್ಮ, ಉದ್ಯೋಗ, ಹುಟ್ಟಿದ ಕೌಂಟಿ, ಗೊತ್ತಿದ್ದ ಭಾಷೆ ಇರುತ್ತವೆ. ಕೆಲವು ಕುಟುಂಬಗಳು ನಮೂನೆಯನ್ನು ಐರಿಷ್ ಭಾಷೆಯಲ್ಲೇ ತುಂಬಿವೆ. ಹಾಗೆ ಸಿಕ್ಕರೆ ನಿಮ್ಮ ಅದೃಷ್ಟ: ಮನೆಯವರೇ ಬರೆದ ಐರಿಷ್ ರೂಪ ಯಾವ ನಿಘಂಟಿಗಿಂತ ಹೆಚ್ಚು ನಂಬಿಕೆಗೆ ಅರ್ಹ. ಸೂಚಿಯಷ್ಟೇ ನೋಡಿ ಬಿಡಬೇಡಿ, ಮೂಲ ಹಾಳೆಯ ಚಿತ್ರ ತೆರೆಯಿರಿ.

ವಯಸ್ಸನ್ನು ಮಾತ್ರ ನಂಬಬೇಡಿ. 1901ರಲ್ಲಿ 56 ಎಂದವರು 1911ರಲ್ಲಿ 71 ಎನ್ನುವುದುಂಟು. 1909ರ ಜನವರಿಯಿಂದ 70 ತುಂಬಿದವರಿಗೆ ವೃದ್ಧಾಪ್ಯ ಪಿಂಚಣಿ ಶುರುವಾಗಿತ್ತು, ಕಾರಣ ಅದೇ.

ಇದಕ್ಕೂ ಹಿಂದಿನ ಗಣತಿಗಳು ಬಹುತೇಕ ಇಲ್ಲ. 1821ರಿಂದ 1851ರವರೆಗಿನವು ಕೆಲವು ತುಣುಕುಗಳ ಹೊರತು 1922ರ ಜೂನ್ 30ರಂದು ಡಬ್ಲಿನ್‌ನ ಫೋರ್ ಕೋರ್ಟ್ಸ್ ನ್ಯಾಯಾಲಯ ಸಂಕೀರ್ಣದ ಸ್ಫೋಟ ಮತ್ತು ಬೆಂಕಿಯಲ್ಲಿ ಹೋದವು. 1861 ಮತ್ತು 1871ರವನ್ನು ಸರ್ಕಾರವೇ ಮೊದಲೇ ನಾಶಮಾಡಿತ್ತು. 1881 ಮತ್ತು 1891ರವು ಮೊದಲ ಮಹಾಯುದ್ಧದ ಕಾಲದಲ್ಲಿ ಕಾಗದದ ತಿರುಳಾದವು. ‘ಎಲ್ಲ ಸುಟ್ಟುಹೋಯಿತು’ ಎಂದು ಕೈಚೆಲ್ಲುವವರು ಈ ಲೆಕ್ಕ ತಿಳಿಯದವರು, ಏಕೆಂದರೆ ನಾಗರಿಕ ನೋಂದಣಿ ಉಳಿದಿದೆ. ಕ್ಯಾಥೊಲಿಕೇತರ ಮದುವೆಗಳು 1845ರಿಂದ, ಎಲ್ಲರ ಜನನ, ಮರಣ, ಮದುವೆ 1864ರಿಂದ ದಾಖಲಾಗಿವೆ. ಸರ್ಕಾರಿ ತಾಣದಲ್ಲಿ ನೂರು ವರ್ಷ ಮೀರಿದ ಜನನ, 75 ವರ್ಷ ಮೀರಿದ ಮದುವೆ, 50 ವರ್ಷ ಮೀರಿದ ಮರಣದ ದಾಖಲೆಗಳು ಉಚಿತ. ತಡವಾಗಿ ನೋಂದಾಯಿಸಿದರೆ ದಂಡವಿದ್ದುದರಿಂದ ಹುಟ್ಟಿದ ದಿನವನ್ನೇ ಮುಂದೂಡಿ ಬರೆಸಿದವರಿದ್ದರು. ದೀಕ್ಷಾಸ್ನಾನ ಜನನಕ್ಕಿಂತ ಮೊದಲೇ ಆದಂತೆ ಕಂಡರೆ ಗಾಬರಿಯಾಗಬೇಡಿ. ಇಗರ್ಜಿಯ ದಿನಾಂಕವನ್ನೇ ಹಿಡಿಯಿರಿ.

ಕ್ಯಾಥೊಲಿಕ್ ಪ್ಯಾರಿಷ್ (ಒಂದು ಇಗರ್ಜಿಯ ವ್ಯಾಪ್ತಿ) ರಿಜಿಸ್ಟರುಗಳನ್ನು, ಸುಮಾರು 1880ರವರೆಗಿನವನ್ನು, ರಾಷ್ಟ್ರೀಯ ಗ್ರಂಥಾಲಯ 2015ರಲ್ಲಿ ಉಚಿತವಾಗಿ ತೆರೆದಿಟ್ಟಿತು. ಹಲವು ಲ್ಯಾಟಿನ್‌ನಲ್ಲಿವೆ: ಜೇಮ್ಸ್ ಅಲ್ಲಿ ಯಾಕೋಬುಸ್, ವಿಲಿಯಂ ಗುಲಿಯೆಲ್ಮುಸ್. ಅಡ್ಡಹೆಸರಿನ ಕಾಗುಣಿತ ಪಾದ್ರಿಯ ಕಿವಿಗೆ ಬಿದ್ದಂತೆ. ಒಬ್ಬನೇ ತಂದೆಯ ಮೂವರು ಮಕ್ಕಳಿಗೆ ಮೂರು ಕಾಗುಣಿತ ಕಂಡರೂ ತಾಯಿಯ ತವರು ಹೆಸರು ಒಂದೇ ಇದ್ದರೆ ಅದೇ ಕುಟುಂಬವೆಂದು ಹಿಡಿಯಬಹುದು.

ಟೌನ್‌ಲ್ಯಾಂಡ್ ಹಿಡಿಯುವುದು

ಐರ್ಲೆಂಡಿನಲ್ಲಿ 60,000ಕ್ಕೂ ಹೆಚ್ಚು ಟೌನ್‌ಲ್ಯಾಂಡ್‌ಗಳಿವೆ. ಹೆಸರಲ್ಲಿ ಟೌನ್ ಇದ್ದರೂ ಇವು ಪಟ್ಟಣಗಳಲ್ಲ, ಜಮೀನಿನ ಸಣ್ಣ ವಿಭಾಗಗಳು. ಇವುಗಳ ಮೇಲೆ ಆಡಳಿತದ ವಿಭಾಗವಾದ ಸಿವಿಲ್ ಪ್ಯಾರಿಷ್, ಅದರ ಮೇಲೆ ಬ್ಯಾರನಿ, ಕೊನೆಗೆ ಕೌಂಟಿ. ಒಂದೇ ಹೆಸರಿನ ಟೌನ್‌ಲ್ಯಾಂಡ್‌ಗಳು ಹತ್ತಾರು ಕಡೆ ಇರುವುದರಿಂದ ನಾಲ್ಕೂ ಹಂತ ಬರೆದಿಟ್ಟುಕೊಳ್ಳಿ. ಕ್ಯಾಥೊಲಿಕ್ ಪ್ಯಾರಿಷ್‌ನ ಗಡಿ ಸಿವಿಲ್ ಪ್ಯಾರಿಷ್‌ನ ಗಡಿಗೆ ಹೊಂದಬೇಕಿಲ್ಲ. ಹೊಸಬರ ಅರ್ಧ ಸಮಯ ಹಾಳಾಗುವುದು ಈ ಗೊಂದಲದಲ್ಲೇ.

1847ರಿಂದ 1864ರ ನಡುವೆ ತೆರಿಗೆಗಾಗಿ ಜಮೀನು, ಮನೆಗಳ ಬೆಲೆ ಕಟ್ಟಿದ ಗ್ರಿಫಿತ್ ಮೌಲ್ಯಮಾಪನದಲ್ಲಿ ಜಮೀನು ಅಥವಾ ಮನೆ ಹಿಡಿದವನ ಹೆಸರು, ಗೇಣಿಗೆ ಕೊಟ್ಟವನ ಹೆಸರು, ವಿಸ್ತೀರ್ಣ ಸಿಗುತ್ತವೆ. ಅಳತೆ ಎಕರೆ, ರೂಡ್, ಪರ್ಚ್‌ಗಳಲ್ಲಿ: 4 ರೂಡ್‌ಗೆ ಒಂದು ಎಕರೆ, 40 ಪರ್ಚ್‌ಗೆ ಒಂದು ರೂಡ್. ಒಂದೇ ಹೆಸರಿನವರು ಹಲವರಿದ್ದ ಕಡೆ ತಂದೆಯ ಹೆಸರನ್ನೋ ಕೂದಲಿನ ಬಣ್ಣವನ್ನೋ ಪಕ್ಕದಲ್ಲಿ ಬರೆದಿರುತ್ತಾರೆ; ಟಿಪ್ಪರರಿಯ ರಯನ್‌ಗಳ ನಡುವೆ ದಾರಿ ಕಾಣುವುದು ಇಂಥ ಗುರುತುಗಳಿಂದಲೇ. 1840ರ ದಶಕದ ಮಹಾಕ್ಷಾಮದಲ್ಲಿ ದೇಶ ಬಿಟ್ಟವರು ಇದರಲ್ಲಿ ಸಿಗದಿರಬಹುದು. ಆಗ 1823ರಿಂದ 1837ರ ದಶಮಾಂಶ ತೆರಿಗೆಯ (ಚರ್ಚಿಗೆ ಸಲ್ಲುತ್ತಿದ್ದ ತೆರಿಗೆ) ಪುಸ್ತಕಗಳಿಗೆ ಹೋಗಿ. ಅಲ್ಲಿ ಕೆಲವೆಡೆ ಐರಿಷ್ ಎಕರೆ ಬಳಸಿದ್ದಾರೆ, ಅದು ಸಾಮಾನ್ಯ ಎಕರೆಯ ಸುಮಾರು 1.62 ಪಟ್ಟು. ಎರಡು ಪುಸ್ತಕಗಳ ವಿಸ್ತೀರ್ಣ ತಾಳೆಯಾಗದಿದ್ದರೆ ಮೊದಲು ಇದನ್ನು ಪರೀಕ್ಷಿಸಿ.

ಈಗ ಅರ್ಥ

ಊರು ಸಿಕ್ಕ ಮೇಲೆ ಆ ಹೆಸರು ಎಲ್ಲೆಲ್ಲಿ ದಟ್ಟವಾಗಿತ್ತೆಂದು ನೋಡಿ. ರಾಬರ್ಟ್ ಮ್ಯಾಥೆಸನ್ 1890ರ ಜನನ ನೋಂದಣಿಗಳನ್ನು ಎಣಿಸಿ 1894ರಲ್ಲಿ ಪ್ರಕಟಿಸಿದ ವರದಿ ಇದಕ್ಕೆ ಒಳ್ಳೆಯ ಆಧಾರ. ಅದರಲ್ಲಿ ಮರ್ಫಿ ಮೊದಲನೆಯದು, ಕೆಲ್ಲಿ ಎರಡನೆಯದು. ಇದನ್ನು ಗ್ರಿಫಿತ್‌ನ ಲೆಕ್ಕದೊಂದಿಗೆ ಹೋಲಿಸಿ. ಎರಡರಲ್ಲೂ ಒಂದೇ ಪ್ರದೇಶದಲ್ಲಿ ಹೆಸರು ದಟ್ಟವಾಗಿದ್ದು ನಿಮ್ಮ ಟೌನ್‌ಲ್ಯಾಂಡ್ ಅದರೊಳಗೇ ಬಿದ್ದರೆ ಆ ಪ್ರದೇಶದ ಮೂಲ ಮನೆತನವೆಂಬ ಊಹೆಗೆ ಬಲ ಬರುತ್ತದೆ.

ಮೋಸ ಹೋಗುವುದು ಹೆಸರಿನ ಹೊರಮೈ ನೋಡಿ. ‘ಫಿಟ್ಸ್’ 12ನೇ ಶತಮಾನದಲ್ಲಿ ದಂಡೆತ್ತಿ ಬಂದ ನಾರ್ಮನ್ನರ ಗುರುತು, ಫಿಟ್ಸ್‌ಜೆರಾಲ್ಡ್ ಹಾಗೆಯೇ ಬಂದದ್ದು. ಆದರೆ ಫಿಟ್ಸ್‌ಪ್ಯಾಟ್ರಿಕ್ ಅಪ್ಪಟ ಗೇಲಿಕ್, ಮೂಲ ಮ್ಯಾಕ್ ಗಿಲ್ಲ ಫಾದ್ರಿಗ್; ಸಂತ ಪ್ಯಾಟ್ರಿಕ್‌ನ ಭಕ್ತನ ಮಗ ಎಂದರ್ಥ. ಬರ್ಕ್ ನಾರ್ಮನ್. ಸ್ವೀನಿ ಸ್ಕಾಟ್ಲೆಂಡಿನಿಂದ ಬಂದ ಬಾಡಿಗೆ ಯೋಧರ ಕುಲ. ಕಾಟರ್ ಹೆಸರಿನ ಒಳಗಿರುವುದು ಓಟರ್ ಎಂಬ ವೈಕಿಂಗ್ ಹೆಸರು. ವಾಲ್ಶ್ ಎಂದರೆ ವೇಲ್ಸ್‌ನವನು. ಸಂಬಂಧವೇ ಇಲ್ಲದ ಹಲವು ಕುಟುಂಬಗಳಿಗೆ ಅಂಟಿದ ಗುರುತು ಅದು, ಎಲ್ಲ ವಾಲ್ಶ್‌ಗಳಿಗೂ ಒಬ್ಬನೇ ಮೂಲಪುರುಷನನ್ನು ಹುಡುಕುವುದು ವ್ಯರ್ಥ. ತಪ್ಪು ಅನುವಾದಗಳದ್ದು ಇನ್ನೊಂದು ತಮಾಷೆ. ಮ್ಯಾಕ್ ಕನ್ರೀ ಹೆಸರಿನ ಕೊನೆಯ ಧ್ವನಿ ರಾಜ ಎಂಬ ಅರ್ಥದ ‘ರೀ’ಯಂತೆ ಕೇಳಿಸಿದ್ದರಿಂದ ಆ ಮನೆತನದ ಕೆಲವರು ಕಿಂಗ್ ಆದರು, ಉಳಿದವರು ಕಾನ್ರಾಯ್ ಆಗಿಯೇ ಉಳಿದರು.

ಧರ್ಮದ ಕಾಲಂ ಸುಳಿವು ಕೊಡುತ್ತದೆ, ಸಾಕ್ಷಿಯಾಗುವುದಿಲ್ಲ. ಪ್ರೆಸ್ಬಿಟೇರಿಯನ್ (ಒಂದು ಪ್ರಾಟೆಸ್ಟಂಟ್ ಪಂಥ) ಸ್ಮಿತ್ ಸ್ಕಾಟಿಷ್ ಮೂಲದವನಾಗಿರುವ ಸಂಭವವಿದೆ, ಮತಾಂತರ ಮತ್ತು ಮಿಶ್ರ ವಿವಾಹ ಎರಡೂ ಇದ್ದವೆಂಬುದನ್ನು ಮರೆಯದಿರಿ.

1700ಕ್ಕಿಂತ ಹಿಂದೆ

ಇಲ್ಲಿಂದ ಹಿಂದಕ್ಕೆ ಸಿಗುವುದು ಮನೆತನದ ಇತಿಹಾಸವೇ ಹೊರತು ನಿಮ್ಮ ನೇರ ಪೂರ್ವಜರ ಸರಪಳಿಯಲ್ಲ. 1659ರ ಗಣತಿ ಎಂದು ಕರೆಯಲಾಗುವ ತಲೆಗಂದಾಯದ ಪಟ್ಟಿಯಲ್ಲಿ ಬ್ಯಾರನಿವಾರು ಮುಖ್ಯ ಐರಿಷ್ ಹೆಸರುಗಳೂ ಅವುಗಳ ಸಂಖ್ಯೆಯೂ ಇವೆ. ಆದರೆ ಕ್ಯಾವನ್, ಗಾಲ್ವೇ, ಮೇಯೋ, ಟೈರೋನ್, ವಿಕ್ಲೋ ಕೌಂಟಿಗಳು ಅದರಲ್ಲಿಲ್ಲ. ನಮ್ಮ ಸ್ಮಿತ್‌ಗೆ ಅಲ್ಲಿ ಏನೂ ಸಿಗದು. 1660ರ ದಶಕದ ಒಲೆ ತೆರಿಗೆಯ ಪಟ್ಟಿಗಳಲ್ಲಿ ಉಳಿದವನ್ನು ನೋಡಬೇಕು.

ಐರಿಷ್ ಅಡ್ಡಹೆಸರುಗಳು ಯುರೋಪಿನಲ್ಲೇ ಬಹಳ ಹಳೆಯವು. ಗಾಲ್ವೇಯ ಐನೆ ಪ್ರದೇಶದ ಒಡೆಯ ಓ ಕ್ಲೇರಿ 916ರಲ್ಲಿ ಸತ್ತನೆಂದು ವಾರ್ಷಿಕ ವೃತ್ತಾಂತಗಳು ದಾಖಲಿಸಿವೆ. ಓ’ಬ್ರಯನ್‌ಗಳ ಹೆಸರಿನ ಮೂಲಪುರುಷ 1014ರಲ್ಲಿ ಕ್ಲಾಂಟಾರ್ಫ್‌ನಲ್ಲಿ ಮಡಿದ ಬ್ರಯನ್ ಬೊರು. ಓ’ನೀಲ್‌ಗಳದ್ದು 919ರಲ್ಲಿ ಸತ್ತ ನಿಯಾಲ್ ಗ್ಲೂಂಡುವ್; ಜನಪ್ರಿಯ ಕಥೆಗಳಲ್ಲಿ ಬರುವ, ಒಂಬತ್ತು ಒತ್ತೆಯಾಳುಗಳ ನಿಯಾಲ್ ಇವನಲ್ಲ.

ಕಾಗದ ಮುಗಿದ ಕಡೆ ವೈ-ಡಿಎನ್‌ಎ ಪರೀಕ್ಷೆ ಸ್ವಲ್ಪ ನೆರವಾಗುತ್ತದೆ. ಹೆಸರು ತಂದೆಯಿಂದ ಮಗನಿಗೆ ಹೋದ ದಾರಿಯಲ್ಲೇ ವೈ ವರ್ಣತಂತು ಹೋಗುವುದರಿಂದ ಆ ಮನೆತನದ ಗಂಡಸೊಬ್ಬ ಪರೀಕ್ಷೆ ಮಾಡಿಸಬೇಕು. 37 ಗುರುತುಗಳಿಗಿಂತ (ಹೋಲಿಸಿ ನೋಡುವ ವರ್ಣತಂತುವಿನ ಬಿಂದುಗಳು) ಕಡಿಮೆಯದನ್ನು ಕೊಳ್ಳಬೇಡಿ. ಕಡಿಮೆ ಗುರುತುಗಳಲ್ಲಿ ಸಂಬಂಧವಿಲ್ಲದವರೂ ಹೊಂದಿಬಿಡುತ್ತಾರೆ. ಕ್ಯಾವನ್‌ನ ಸ್ಮಿತ್ ಒಬ್ಬನ ಫಲಿತಾಂಶ ಮೆಗವನ್ (ಮ್ಯಾಕ್ ಗವನ್‌ನ ಇಂಗ್ಲಿಷ್ ರೂಪ) ಹೆಸರಿನವರೊಂದಿಗೆ ಹತ್ತಿರ ಹೊಂದಿದರೆ ಅನುವಾದದ ಊಹೆ ಗಟ್ಟಿಯಾಯಿತು. ಹೊಂದದಿದ್ದರೆ ಊಹೆ ಬಿತ್ತೆಂದಲ್ಲ: ದತ್ತು, ತಾಯಿಯ ಹೆಸರು ಪಡೆದ ಮಗು, ಜಮೀನಿಗಾಗಿ ಹೆಸರು ಬದಲಿಸಿದ ಅಳಿಯ, ಇವರಲ್ಲಿ ಯಾರಾದರೂ ನಡುವೆ ಇರಬಹುದು.

ಇನ್ನು ಅಂಗಡಿಗಳಲ್ಲಿ ಮಾರುವ ‘ಕುಟುಂಬದ ಲಾಂಛನ’. ಐರ್ಲೆಂಡಿನಲ್ಲಿ ಲಾಂಛನ ಅಡ್ಡಹೆಸರಿಗೆ ಸೇರಿದ್ದಲ್ಲ, ಅದನ್ನು ಪಡೆದ ವ್ಯಕ್ತಿಗೂ ಅವನ ವಂಶಜರಿಗೂ ಸೇರಿದ್ದು. 1552ರಿಂದ ಅಲ್ಸ್ಟರ್ ಕಿಂಗ್ ಆಫ್ ಆರ್ಮ್ಸ್ ಎಂಬ ಲಾಂಛನ ಅಧಿಕಾರಿಯ ಕಚೇರಿಯೂ 1943ರಿಂದ ಡಬ್ಲಿನ್‌ನ ಮುಖ್ಯ ಹೆರಾಲ್ಡ್ ಕಚೇರಿಯೂ ಇವನ್ನು ನೋಂದಾಯಿಸಿವೆ. ಗೋಡೆಗೆ ತೂಗುಹಾಕಲು ಏನಾದರೂ ಬೇಕೆಂದಿದ್ದರೆ ಗ್ರಿಫಿತ್ ನಕ್ಷೆಯಲ್ಲಿ ನಿಮ್ಮ ಟೌನ್‌ಲ್ಯಾಂಡ್ ಇರುವ ಹಾಳೆಯನ್ನು ಮುದ್ರಿಸಿಕೊಳ್ಳಿ.