ಡಿಗ್ರಿ ಮುಗಿಯೋ ಮೊದಲೇ ಕೆಲಸಕ್ಕೆ ತಯಾರಾಗಿ: ಕಾರವಾರ, ಶಿರಸಿ ಕಡೆಯ ವಿದ್ಯಾರ್ಥಿಗಳಿಗೆ

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಡಿಗ್ರಿ ಓದುವವರು ಕೆಲಸದ ಬಗ್ಗೆ ತಲೆ ಕೆಡಿಸಿಕೊಳ್ಳೋದು ಹೆಚ್ಚಾಗಿ ಕೊನೇ ಸೆಮಿಸ್ಟರ್ ಪರೀಕ್ಷೆ ಮುಗಿದ ಮೇಲೆ. ಆಗ ಯಾರೋ ಹೇಳಿದರು ಅಂತ ಬೆಂಗಳೂರು ಬಸ್ ಹತ್ತಿ, ಅಣ್ಣನ ರೂಮಿನಲ್ಲೋ ಗೆಳತಿಯ ಪಿಜಿಯಲ್ಲೋ ಉಳಿದು, ಸಾವಿರಗಟ್ಟಲೆ ದುಡ್ಡು ಕೊಟ್ಟು ಒಂದು ಕೋರ್ಸ್ ಸೇರುತ್ತಾರೆ. ಆ ಕೋರ್ಸಿನಲ್ಲಿ ಹೇಳಿಕೊಡೋದನ್ನು ಎರಡನೇ ವರ್ಷದಲ್ಲೇ, ಮನೆಯಲ್ಲಿದ್ದುಕೊಂಡೇ ಕಲಿಯಬಹುದಿತ್ತು ಅಂತ ಗೊತ್ತಾಗುವಷ್ಟರಲ್ಲಿ ದುಡ್ಡು ಹೋಗಿರುತ್ತದೆ.

ಹೊಸಬರನ್ನು ಕೆಲಸಕ್ಕೆ ತೆಗೆದುಕೊಳ್ಳುವವರು ನೋಡೋದು ದೊಡ್ಡದೇನಲ್ಲ. ಹೇಳಿದ ಕೆಲಸ ಹೇಳಿದ ಹೊತ್ತಿಗೆ ಮುಗಿಸ್ತಾರಾ? ಆಗದಿದ್ದರೆ ಮೊದಲೇ ತಿಳಿಸ್ತಾರಾ? ನಂಗೆ ಇದು ಬರುತ್ತೆ ಅಂದರೆ ಅದನ್ನು ತೋರಿಸೋಕೆ ಕೈಯಲ್ಲಿ ಏನಾದ್ರೂ ಇದೆಯಾ? ಮೂರನೆಯದೇ ನಮ್ಮವರಲ್ಲಿ ಕಡಿಮೆ. ಹಾಗಾಗಿ ಈ ಬರಹದಲ್ಲಿ ಅದಕ್ಕೇ ಜಾಸ್ತಿ ಜಾಗ.

ಮೊದಲು ಎಕ್ಸೆಲ್, ಅದೂ ಮನೆ ಲೆಕ್ಕದಿಂದ

ಬಿಎ ಇರಲಿ, ಬಿಎಸ್‌ಸಿ ಇರಲಿ, ಬಿಕಾಂ ಇರಲಿ, ಎಕ್ಸೆಲ್ ಬೇಕು. ಮನೆಯಲ್ಲಿ ಲ್ಯಾಪ್‌ಟಾಪ್ ಇಲ್ಲದಿದ್ದರೆ ಕಾಲೇಜಿನ ಲ್ಯಾಬಿನಲ್ಲಿ ಗೂಗಲ್ ಶೀಟ್ಸ್ ತೆರೆಯಿರಿ, ಅದಕ್ಕೆ ದುಡ್ಡು ಬೇಡ. ಫೋನಿನಲ್ಲಿ ಕಲಿತರೆ ಅರ್ಧಂಬರ್ಧ ಆಗುತ್ತೆ.

ಯೂಟ್ಯೂಬಿನಲ್ಲಿ ಯಾವುದೋ ಕಂಪನಿಯ ಸೇಲ್ಸ್ ಲೆಕ್ಕ ಇಟ್ಟುಕೊಂಡು ಪಾಠ ಮಾಡ್ತಾರೆ. ನೋಡಿದಾಗ ಅರ್ಥ ಆಗುತ್ತೆ, ಮರುದಿನ ಮರೆತುಹೋಗುತ್ತೆ. ಅದರ ಬದಲು ಮನೆಯ ಲೆಕ್ಕ ತಗೊಳ್ಳಿ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ತೋಟ ಇರುವ ಮನೆಗಳಲ್ಲಿ ಅಡಿಕೆ ಮಾರಿದ ಬಿಲ್ಲುಗಳು ಕಪಾಟಿನ ಯಾವುದೋ ಮೂಲೆಯಲ್ಲಿ ಇದ್ದೇ ಇರುತ್ತವೆ. ನಾಲ್ಕೈದು ವರ್ಷದ ಬಿಲ್ಲು ಸಿಕ್ಕರೆ ಸಾಕು. ಒಂದು ಮಾರಾಟಕ್ಕೆ ಒಂದೇ ಸಾಲು. ತಾರೀಕು, ಅಡಿಕೆಯ ಬಗೆ (ರಾಶಿಯಾ ಚಾಲಿಯಾ ಬೆಟ್ಟೆಯಾ), ತೂಕ, ಕ್ವಿಂಟಲ್ ದರ, ಮುರಿದುಕೊಂಡ ಖರ್ಚು, ಸಾಲಕ್ಕೆ ಜಮಾ ಆದದ್ದು, ಕೈಗೆ ಬಂದದ್ದು. ತೂಕದ ಜಾಗದಲ್ಲಿ ‘2 ಕ್ವಿಂಟಲ್ 35 ಕೆಜಿ’ ಅಂತ ಬರೆಯಬೇಡಿ. ಎಕ್ಸೆಲ್ ಅದನ್ನು ಅಕ್ಷರ ಅಂದುಕೊಳ್ಳುತ್ತೆ, ಕೂಡಿಸೋಲ್ಲ. 2.35 ಅಂತ ಮಾತ್ರ ಹಾಕಿ, ಕ್ವಿಂಟಲ್ ಅನ್ನೋದನ್ನು ಮೇಲಿನ ತಲೆಬರಹದಲ್ಲಿ ಬರೆಯಿರಿ. ಇದೊಂದು ಗೊತ್ತಿದ್ದರೆ ಆಫೀಸಿನಲ್ಲಿ ಅರ್ಧ ತಲೆನೋವು ತಪ್ಪುತ್ತೆ.

ಆಮೇಲೆ ಆ ಹಾಳೆಗೆ ಒಂದು ಪ್ರಶ್ನೆ ಕೇಳಿ. ದರ ಏರಬಹುದು ಅಂತ ಅಪ್ಪ ಚಾಲಿ ಹಿಡಿದಿಟ್ಟರಲ್ಲ, ಅದರಿಂದ ನಿಜಕ್ಕೂ ಲಾಭ ಆಯ್ತಾ? ಯಾವ ತಿಂಗಳಲ್ಲಿ ಮಾರಿದ್ದಕ್ಕೆ ಸರಾಸರಿ ದರ ಎಷ್ಟು ಬಂತು? ಇದನ್ನು ಹುಡುಕುತ್ತಾ ಹೋದರೆ ಬೇಕಾದ ಸಾಲುಗಳನ್ನಷ್ಟೇ ಕೂಡಿಸುವ ಸಮ್‌ಇಫ್, ಬೇಕಾದ್ದನ್ನಷ್ಟೇ ತೋರಿಸುವ ಫಿಲ್ಟರ್, ಗುಂಪು ಮಾಡಿ ಲೆಕ್ಕ ಕೊಡುವ ಪಿವಟ್ ಟೇಬಲ್ ಎಲ್ಲ ತಾನಾಗೇ ಕಲಿತುಬಿಡ್ತೀರಿ. ಉತ್ತರವನ್ನು ಅಪ್ಪನಿಗೆ ಹೇಳುವಾಗ ಮಾತ್ರ ಸ್ವಲ್ಪ ಹುಷಾರು.

ಕರಾವಳಿಯ ಮೀನುಗಾರರ ಮನೆಯವರಾದರೆ ಇನ್ನೂ ಒಳ್ಳೆಯ ಲೆಕ್ಕ ಇದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಬೋಟಿನ ಆದಾಯ ನಿಲ್ಲುತ್ತೆ, ಬಲೆ ರಿಪೇರಿ, ಎಂಜಿನ್ ರಿಪೇರಿ, ಬ್ಯಾಂಕಿನ ಕಂತು ನಿಲ್ಲೋಲ್ಲ. ಉಳಿದ ಹತ್ತು ತಿಂಗಳಲ್ಲಿ ಡೀಸೆಲ್, ಐಸ್, ಕೆಲಸದವರ ಪಾಲು ಎಲ್ಲ ಕಳೆದು ತಿಂಗಳಿಗೆ ಎಷ್ಟು ತೆಗೆದಿಟ್ಟರೆ ಆ ಎರಡು ತಿಂಗಳು ದಾಟಬಹುದು ಅಂತ ಒಂದು ಹಾಳೆ ಮಾಡಿ. ಬ್ಯಾಂಕಿನವರ ಭಾಷೆಯಲ್ಲಿ ಅದಕ್ಕೆ ಕ್ಯಾಶ್‌ಫ್ಲೋ ಅಂತಾರೆ. ಬ್ಯಾಂಕಿನ ಇಂಟರ್‌ವ್ಯೂನಲ್ಲಿ ಎಕ್ಸೆಲ್ ಬರುತ್ತಾ ಅಂತ ಕೇಳಿದಾಗ ‘ಬರುತ್ತೆ ಸರ್’ ಅಂತ ಸುಮ್ಮನಾಗೋ ಬದಲು ಈ ಹಾಳೆಯ ಬಗ್ಗೆ ಎರಡು ನಿಮಿಷ ಮಾತಾಡಿ. ಮನೆಯ ಮೊತ್ತ ತೋರಿಸೋದು ಬೇಡ ಅನಿಸಿದರೆ ಅಂಕಿಗಳನ್ನು ಬದಲಿಸಿ, ವಿಧಾನ ಅದೇ ಇರಲಿ.

ಒಂದು ಸಣ್ಣ ಕೆಲಸ, ಊರಲ್ಲೇ

ಇಂಟರ್ನ್‌ಶಿಪ್ ಅಂದರೆ ಬೆಂಗಳೂರಿನ ಗಾಜಿನ ಕಟ್ಟಡವೇ ಆಗಬೇಕಿಲ್ಲ. ಶಿರಸಿಯ ಆಡಿಟರ್ ಆಫೀಸು, ಊರಿನ ಸಹಕಾರಿ ಸೊಸೈಟಿ, ಗೋಕರ್ಣದ ಹೋಮ್‌ಸ್ಟೇ, ಕುಮಟಾದ ಔಷಧಿ ಅಂಗಡಿ, ಎಲ್ಲ ಕಡೆ ಕಲಿಯೋಕೆ ಇದೆ. ಎರಡು ವರ್ಷಕ್ಕೊಮ್ಮೆ ಬರುವ ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲಿ ಒಂದು ಅಂಗಡಿಯ ಗಲ್ಲಾ ನೋಡಿಕೊಂಡವರಿಗೆ ಗಿರಾಕಿ, ಚಿಲ್ಲರೆ, ಜಗಳ, ರಾತ್ರಿ ಲೆಕ್ಕ ತಾಳೆ ಆಗದಿದ್ದದ್ದು, ಎಲ್ಲದರ ಅನುಭವ ಒಂಬತ್ತು ದಿನದಲ್ಲಿ ಆಗಿರುತ್ತೆ. ಅದನ್ನು ರೆಸ್ಯೂಮೆಯಲ್ಲಿ ಹಾಕೋಕೆ ನಾಚಿಕೆ ಯಾಕೆ?

ಕೇಳೋದು ಹೇಗೆ ಅನ್ನೋದೇ ಎಲ್ಲರ ಸಮಸ್ಯೆ. ‘ಸರ್ ಏನಾದ್ರೂ ಕೆಲಸ ಇದ್ಯಾ’ ಅಂತ ವಾಟ್ಸಾಪ್ ಕಳಿಸಿದರೆ ಉತ್ತರ ಬರೋಲ್ಲ. ಹೀಗೆ ಬರೆದು ನೋಡಿ:

‘ನಮಸ್ಕಾರ ಸರ್. ನಾನು ಬಿಕಾಂ ಎರಡನೇ ವರ್ಷ ಓದುತ್ತಿದ್ದೇನೆ, ಮನೆ ಹುಲೇಕಲ್ಲಿನಲ್ಲಿ. ಟ್ಯಾಲಿಯಲ್ಲಿ ಎಂಟ್ರಿ ಮಾಡಲು ಬರುತ್ತದೆ. ನಾನೇ ಮಾಡಿದ ಒಂದು ಎಕ್ಸೆಲ್ ಲೆಕ್ಕವನ್ನು ಜೊತೆಗೆ ಕಳಿಸಿದ್ದೇನೆ. ಬರುವ ರಜೆಯಲ್ಲಿ ಒಂದು ತಿಂಗಳು ನಿಮ್ಮ ಆಫೀಸಿನಲ್ಲಿ ಕೆಲಸ ಕಲಿಯಲು ಬರಬಹುದೇ? ಬೆಳಿಗ್ಗೆ ಹತ್ತರಿಂದ ಸಂಜೆ ಐದೂವರೆವರೆಗೆ ಇರಬಲ್ಲೆ. ಈ ವಾರ ನಿಮಗೆ ಬಿಡುವಿದ್ದಾಗ ಬಂದು ಭೇಟಿಯಾಗುತ್ತೇನೆ.’

ಯಾರು, ಏನು ಬರುತ್ತೆ, ಏನು ಬೇಕು, ಎಷ್ಟು ದಿನ, ಎಷ್ಟು ಹೊತ್ತು, ಎಲ್ಲ ಇದೆ. ಅವರು ಹ್ಞೂಂ ಅಥವಾ ಊಹ್ಞೂಂ ಅಂದರೆ ಸಾಕು. ಆದರೆ ದಿನ ನೋಡಿ ಕಳಿಸಿ. ಆಡಿಟರ್‌ಗಳಿಗೆ ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ ಜಿಎಸ್‌ಟಿಆರ್-3ಬಿ ಅನ್ನೋ ಜಿಎಸ್‌ಟಿ ರಿಟರ್ನ್ ಹಾಕುವ ಗಡಿಬಿಡಿ ಇರುತ್ತೆ. ಆ ದಿನಗಳ ಹಿಂದೆಮುಂದೆ ನಿಮ್ಮ ಮೆಸೇಜ್ ಯಾರೂ ಓದೋಲ್ಲ. ನಾಲ್ಕು ದಿನ ಉತ್ತರ ಬರದಿದ್ದರೆ ನೇರ ಹೋಗಿ. ನಮ್ಮ ಊರುಗಳಲ್ಲಿ ಮುಖ ತೋರಿಸಿದರೆ ಆಗುವ ಕೆಲಸ ಫೋನಿನಲ್ಲಿ ಆಗೋಲ್ಲ.

ಸೇರಿದ ಮೇಲೆ ಒಂದು ನೋಟ್‌ಬುಕ್ ಇಡಿ. ಹೇಳಿದ್ದನ್ನು ಬರೆದುಕೊಳ್ಳಿ, ಒಂದೇ ವಿಷಯ ಮೂರು ಸಲ ಕೇಳಬೇಡಿ. ಗಿರಾಕಿಗಳ ಪ್ಯಾನ್ ನಂಬರು, ಆಧಾರ್, ಆದಾಯದ ಮಾತು ಆಫೀಸಿನ ಬಾಗಿಲು ದಾಟಬಾರದು. ಶಿರಸಿಯಂಥ ಊರಿನಲ್ಲಿ ಯಾರ ಬಾಯಿಂದ ಹೊರಬಿತ್ತು ಅನ್ನೋದು ಸಂಜೆಯೊಳಗೆ ಗೊತ್ತಾಗುತ್ತೆ. ಮುಗಿಸುವ ದಿನ ಏನೇನು ಮಾಡಿದ್ರಿ ಅಂತ ಅವರ ಲೆಟರ್‌ಹೆಡ್‌ನಲ್ಲಿ ನಾಲ್ಕು ಸಾಲು ಬರೆಸಿಕೊಳ್ಳಿ.

ಮಾತು, ಇಂಗ್ಲಿಷ್, ಕೊಂಕಣಿ

ಗ್ರೂಪ್ ಡಿಸ್ಕಶನ್ ಅಂದರೆ ಹೆದರೋರು ಒಂದು ಸಲ ತಾಳಮದ್ದಳೆಗೆ, ಅಂದರೆ ವೇಷ, ಕುಣಿತ ಇಲ್ಲದ ಮಾತಿನ ಯಕ್ಷಗಾನಕ್ಕೆ, ಹೋಗಿ ಕೂತು ನೋಡಿ. ಅಲ್ಲಿ ಬರೆದಿಟ್ಟ ಮಾತಿಲ್ಲ. ಒಳ್ಳೆಯ ಅರ್ಥಧಾರಿ (ಪಾತ್ರವಾಗಿ ಮಾತಾಡುವವರು) ಎದುರಿನವರ ಮಾತನ್ನು ಪೂರ್ತಿ ಕೇಳಿ, ಅದರಲ್ಲಿ ಒಂದು ಎಳೆ ಹಿಡಿದು, ಅಲ್ಲಿಂದಲೇ ತನ್ನ ವಾದ ಶುರು ಮಾಡ್ತಾರೆ. ಡಿಸ್ಕಶನ್‌ನಲ್ಲೂ ಅಂಕ ಸಿಗೋದು ಅದಕ್ಕೇ. ಜೋರಾಗಿ ಮಾತಾಡಿದವರಿಗಲ್ಲ, ‘ಅವರು ಹೇಳಿದ್ದು ಸರಿ, ಆದರೆ ಹಳ್ಳಿಯಲ್ಲಿ ನೆಟ್‌ವರ್ಕ್ ಇಲ್ಲದಾಗ ಇದು ಹೇಗೆ ನಡೆಯುತ್ತೆ’ ಅಂತ ಮಾತನ್ನು ಮುಂದೆ ಒಯ್ದವರಿಗೆ. ನಾಲ್ಕು ಜನ ಸೇರಿ ವಾರಕ್ಕೊಮ್ಮೆ ಕಾಲೇಜಿನ ಖಾಲಿ ಕ್ಲಾಸಿನಲ್ಲಿ ಕೂತು ಮಾಡಿ. ಮೊದಲು ಕನ್ನಡದಲ್ಲಿ, ಆಮೇಲೆ ಅದೇ ವಿಷಯ ಇಂಗ್ಲಿಷಿನಲ್ಲಿ. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದರೆ ಸಾಕು, ಎಲ್ಲಿ ತಡವರಿಸುತ್ತೀರಿ ಅಂತ ನಿಮಗೇ ತಿಳಿಯುತ್ತೆ.

ಇಂಗ್ಲಿಷ್ ಬಗ್ಗೆ ನಂದೊಂದು ಅಭಿಪ್ರಾಯ ಇದೆ, ಒಪ್ಪೋದು ಬಿಡೋದು ನಿಮಗೆ ಬಿಟ್ಟದ್ದು. ಶುರುವಿನ ಕೆಲಸಕ್ಕೆ ಬೇಕಾಗಿರೋದು ಸೊಗಸಾದ ಇಂಗ್ಲಿಷ್ ಅಲ್ಲ. ಐದು ಸಾಲಿನ ಇಮೇಲ್ ತಪ್ಪಿಲ್ಲದೆ ಬರೆಯೋಕೆ, ಫೋನಿನಲ್ಲಿ ಕೇಳಿದ್ದು ಅರ್ಥ ಆಗದಿದ್ದರೆ ಇನ್ನೊಮ್ಮೆ ಹೇಳಿ ಅಂತ ಧೈರ್ಯವಾಗಿ ಕೇಳೋಕೆ ಬಂದರೆ ಆಯ್ತು. ಉಳಿದದ್ದು ಕೆಲಸ ಮಾಡ್ತಾ ಬರುತ್ತೆ.

ಇನ್ನು, ನಿಮಗೆ ಬರುವ ಭಾಷೆಗಳನ್ನೆಲ್ಲ ಬರೆಯಿರಿ. ಕಾರವಾರದ ಹುಡುಗಿಗೆ ಕೊಂಕಣಿ, ಕನ್ನಡ, ಮರಾಠಿ, ಹಿಂದಿ ನಾಲ್ಕೂ ಬರುತ್ತೆ, ರೆಸ್ಯೂಮೆಯಲ್ಲಿ ಮಾತ್ರ ಕನ್ನಡ, ಇಂಗ್ಲಿಷ್ ಅಂತ ಎರಡೇ ಇರುತ್ತೆ! ಕಾಳಿ ಸೇತುವೆ ದಾಟಿ ಸ್ವಲ್ಪ ಹೋದರೆ ಗೋವಾ. ಅಲ್ಲಿಯ ಹೋಟೆಲ್, ಆಸ್ಪತ್ರೆ, ಬ್ಯಾಂಕಿನ ಕೌಂಟರಿನಲ್ಲಿ ಕೊಂಕಣಿಗೆ ಬೆಲೆ ಇದೆ.

ರೆಸ್ಯೂಮೆ ಬಗ್ಗೆ ಜಾಸ್ತಿ ಹೇಳೋದಿಲ್ಲ. ಸೈಬರ್ ಅಂಗಡಿಯಲ್ಲಿ ಮಾಡಿಸಿದ್ದು ಬೇಡ. ಅಲ್ಲಿ ಹಿಂದಿನವರ ಫೈಲಿನಲ್ಲೇ ಹೆಸರು ಬದಲಿಸಿ ಕೊಡ್ತಾರೆ, ಹಾಗಾಗಿ ಇಡೀ ಕ್ಲಾಸಿನ ಗುರಿ ‘ಚಾಲೆಂಜಿಂಗ್ ಎನ್ವಿರಾನ್‌ಮೆಂಟ್’ನಲ್ಲಿ ಕೆಲಸ ಮಾಡೋದೇ ಆಗಿರುತ್ತೆ. ಒಂದೇ ಪುಟ, ಪಿಡಿಎಫ್, ಫೈಲಿಗೆ ನಿಮ್ಮ ಹೆಸರು. ತಂದೆಯ ಉದ್ಯೋಗ, ಜಾತಿ, ಕೆಳಗಿನ ಪ್ರಮಾಣವಚನ ಯಾವುದೂ ಬೇಡ. ಇಮೇಲ್ ಐಡಿಯೂ ನಿಮ್ಮ ಹೆಸರಿನಲ್ಲೇ ಇರಲಿ, ಕ್ಯೂಟ್ ಪ್ರಿನ್ಸ್ ಅಂತ ಬೇಡ ಮಾರಾಯ್ರೇ.

ಸರ್ಕಾರಿ ಕೆಲಸದ ಆಸೆ ಇದ್ದರೆ ಕಾಗದ ಮೊದಲು

ಜಿಲ್ಲೆಯಲ್ಲಿ ಕೈಗಾ ಅಣು ವಿದ್ಯುತ್ ಸ್ಥಾವರ ಇದೆ, ಸೀಬರ್ಡ್ ನೌಕಾನೆಲೆ ಇದೆ, ಕೊಂಕಣ ರೈಲ್ವೆ ಇದೆ. ಆಸೆ ಇರೋದು ಸಹಜ. ಆದರೆ ಇವೆಲ್ಲ ಕೇಂದ್ರದ ಲೆಕ್ಕ. ರಾಜ್ಯದ ಹಿಂದುಳಿದ ವರ್ಗದ 2ಎ, 3ಬಿ ಸರ್ಟಿಫಿಕೇಟ್ ಅಲ್ಲಿ ನಡೆಯೋಲ್ಲ. ನಿಮ್ಮ ಜಾತಿ ಕೇಂದ್ರದ ಒಬಿಸಿ ಪಟ್ಟಿಯಲ್ಲಿ ಇದೆಯಾ ಅಂತ ಮೊದಲು ನೋಡಿ, ಇದ್ದರೆ ಕೇಂದ್ರದ ನಮೂನೆಯಲ್ಲೇ ಬೇರೆ ಸರ್ಟಿಫಿಕೇಟ್ ಮಾಡಿಸಬೇಕು. ಕೊನೆಯ ದಿನಾಂಕಕ್ಕೆ ಮೂರು ದಿನ ಇರುವಾಗ ನಾಡಕಚೇರಿಗೆ ಓಡಿದರೆ ಆಗೋ ಕೆಲಸ ಅಲ್ಲ ಇದು. ಹಾಗೇ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಇರುತ್ತೆ. ಇನಿಶಿಯಲ್ ಒಂದರಲ್ಲಿ ಹಿಂದೆ, ಇನ್ನೊಂದರಲ್ಲಿ ಮುಂದೆ. ಅಂಕಪಟ್ಟಿಗೆ ಹೊಂದುವಂತೆ ಆಧಾರ್ ಈಗಲೇ ಸರಿಮಾಡಿಸಿ.

ಗ್ರಾಮೀಣ ಬ್ಯಾಂಕುಗಳ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು, ಕೊಂಕಣಿಯಲ್ಲೂ ಬರೆಯಬಹುದು. ಇದು ಗೊತ್ತಿಲ್ಲದೆ ಎಷ್ಟೋ ಜನ ಅರ್ಜಿಯನ್ನೇ ಹಾಕೋಲ್ಲ. ಡಿಗ್ರಿ ಆದವರಿಗೆ ಅಪ್ರೆಂಟಿಸ್ (ಕೆಲಸ ಕಲಿಯುವ) ಜಾಗಗಳು ಕೇಂದ್ರ ಸರ್ಕಾರದ ಎನ್‌ಎಟಿಎಸ್ ಪೋರ್ಟಲ್‌ನಲ್ಲಿ ಬರುತ್ತವೆ, ಸ್ಟೈಪೆಂಡ್ ಸಿಗುತ್ತೆ. ಕೊನೇ ಸೆಮಿಸ್ಟರ್‌ನಲ್ಲೇ ಅದರ ನಿಯಮ ಓದಿಟ್ಟುಕೊಳ್ಳಿ. ಇಷ್ಟು ದುಡ್ಡು ಕೊಟ್ಟರೆ ಒಳಗಿನಿಂದ ಕೆಲಸ ಮಾಡಿಸಿಕೊಡ್ತೇನೆ ಅಂತ ಯಾರಾದರೂ ಅಂದರೆ, ಅವರು ಎಷ್ಟೇ ಹತ್ತಿರದ ನೆಂಟರಾಗಿರಲಿ, ನಮಸ್ಕಾರ ಹಾಕಿ ಎದ್ದುಬನ್ನಿ. ಆನ್‌ಲೈನಿನಲ್ಲಿ ದುಡ್ಡು ಹೋಗಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಮಳೆಗಾಲದ ಇಂಟರ್‌ವ್ಯೂ

ಇದನ್ನು ಬೆಂಗಳೂರಿನವರು ಬರೆದ ಯಾವ ಗೈಡಿನಲ್ಲೂ ಹೇಳೋಲ್ಲ. ರಿಸಲ್ಟ್ ಬಂದು ಆನ್‌ಲೈನ್ ಇಂಟರ್‌ವ್ಯೂಗಳು ಶುರುವಾಗುವ ಹೊತ್ತಿಗೆ ಇಲ್ಲಿ ಕರೆಂಟೂ ಇರೋಲ್ಲ, ನೆಟ್‌ವರ್ಕೂ ಇರೋಲ್ಲ. ಮನೆ ಒಳಊರಿನಲ್ಲಿದ್ದರೆ ಹಿಂದಿನ ದಿನವೇ ಪೇಟೆಯಲ್ಲಿರುವ ಗೆಳೆಯರ ಮನೆಗೆ ಬಂದುಬಿಡಿ. ಫೋನು, ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಇರಲಿ, ಎರಡು ಕಂಪನಿಯ ಸಿಮ್ ಇರಲಿ. ಇಂಟರ್‌ವ್ಯೂ ಮಾಡುವವರ ಫೋನ್ ನಂಬರನ್ನು ಮೊದಲೇ ಇಮೇಲ್ ಮಾಡಿ ಕೇಳಿಟ್ಟುಕೊಂಡು, ‘ಇಲ್ಲಿ ಮಳೆ ಜೋರಿದೆ, ವಿಡಿಯೊ ಕಡಿದುಹೋದರೆ ಫೋನಿನಲ್ಲಿ ಮುಂದುವರಿಸಬಹುದೇ’ ಅಂತ ತಿಳಿಸಿ. ಅದನ್ನು ಯಾರೂ ತಪ್ಪು ತಿಳಿಯೋಲ್ಲ. ಸಮಸ್ಯೆಯನ್ನು ಮೊದಲೇ ಹೇಳುವವರು ಅಂತ ಒಳ್ಳೆಯ ಅಭಿಪ್ರಾಯವೇ ಬರುತ್ತೆ.

ಪರೀಕ್ಷೆಗೆ ಹುಬ್ಬಳ್ಳಿಗೋ ಮಂಗಳೂರಿಗೋ ಹೋಗಬೇಕಾಗಿ ಬಂದರೆ ಬೆಳಗಿನ ಜಾವದ ಬಸ್ ನಂಬಬೇಡಿ. ಅರಬೈಲು ಘಟ್ಟದಲ್ಲಿ ಒಂದು ಲಾರಿ ಅಡ್ಡ ನಿಂತರೆ ಮುಗೀತು, ದೇವಿಮನೆ ಘಟ್ಟದ್ದೂ ಅದೇ ಕಥೆ, ಹೆದ್ದಾರಿ 66ರಲ್ಲಿ ಗುಡ್ಡ ಕುಸಿದರೆ ಏನಾಗುತ್ತೆ ಅಂತ 2024ರ ಜುಲೈಯಲ್ಲಿ ಶಿರೂರಿನಲ್ಲಿ ನೋಡಿದ್ದೇವೆ. ಹಿಂದಿನ ದಿನ ಮಧ್ಯಾಹ್ನವೇ ಹೊರಡಿ. ಅಡ್ಮಿಟ್ ಕಾರ್ಡಿನ ಎರಡು ಪ್ರಿಂಟ್, ಮೂಲ ಆಧಾರ್, ಫೋಟೊ ಎಲ್ಲ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಒದ್ದೆಯಾದ ಕೊಡೆಯನ್ನು ಮಾತ್ರ ಆ ಬ್ಯಾಗಿಗೆ ತುರುಕಬೇಡಿ.