ಆರ್‌ಸಿ (ರೇಡಿಯೊ ಕಂಟ್ರೋಲ್) ಕಾರ್ ರೇಸಿಂಗ್‌ಗೆ ಮರಳುವವರು ಎಲೆಕ್ಟ್ರಾನಿಕ್ಸ್ ಆರಿಸಿಕೊಳ್ಳುವ ಬಗೆ

ಬಹಳ ವರ್ಷಗಳ ನಂತರ ರೇಸಿನ ಸಲಕರಣೆಗಳನ್ನಿಡುವ ನನ್ನ ಹಳೆಯ ಪಿಟ್ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿ ತೆರೆದಾಗ, ಅದರೊಳಗೆ 27 ಟರ್ನಿನ, ಅಂದರೆ ಒಳಗೆ ತಂತಿಯನ್ನು 27 ಸುತ್ತು ಸುತ್ತಿದ, ಎರಡು ಬ್ರಷ್ ಮೋಟಾರುಗಳು, ಅವುಗಳಲ್ಲಿ ಬ್ರಷ್ ತಾಗುವ ಕಮ್ಯುಟೇಟರನ್ನು ಹೆರೆದು ನುಣುಪು ಮಾಡುವ ಪುಟ್ಟ ಲೇತು, ಆರು ಸೆಲ್ಲುಗಳ 7.2 ವೋಲ್ಟಿನ ನಿಕಲ್ ಬ್ಯಾಟರಿಗಳು ಮತ್ತು ರೇಡಿಯೊದ ಚಾನೆಲ್ ನಿಗದಿ ಮಾಡುವ 75 ಮೆಗಾಹರ್ಟ್ಸಿನ ನಾಲ್ಕು ಜೋಡಿ ಕ್ರಿಸ್ಟಲ್‌ಗಳು ಇಟ್ಟಲ್ಲೇ ಇದ್ದವು. ಅವುಗಳಲ್ಲಿ ಒಂದನ್ನೂ ಇಂದಿನ ರೇಸಿನಲ್ಲಿ ಬಳಸುವಂತಿರಲಿಲ್ಲ. ಕೆಲಸದ ಮೇಲೆ ಅಮೆರಿಕಕ್ಕೆ ಹೋಗಿ, ಅಲ್ಲಿನ ಕ್ಲಬ್ಬುಗಳಲ್ಲಿ ಹತ್ತನೇ ಒಂದರ ಅಳತೆಯ ಎಲೆಕ್ಟ್ರಿಕ್ ಕಾರುಗಳನ್ನು ಓಡಿಸಿ, ಮದುವೆ, ಮಕ್ಕಳು, ಮನೆಸಾಲ ಎಂದು ಈ ಹವ್ಯಾಸವನ್ನು ಬದಿಗಿಟ್ಟು, ಈಗ ಮತ್ತೆ ಟ್ರ್ಯಾಕಿನ ಕಡೆ ಮುಖ ಮಾಡಿರುವ ಕನ್ನಡಿಗರು ನನ್ನಂತೆ ಇನ್ನೂ ಕೆಲವರಿದ್ದಾರೆ. ಅವರು ಏನನ್ನು ಕೊಳ್ಳಬೇಕು, ಯಾವ ಕ್ರಮದಲ್ಲಿ ಕೊಳ್ಳಬೇಕು, ಹಳೆಯದರಲ್ಲಿ ಯಾವುದನ್ನು ಕೈಬಿಡಬೇಕು ಎಂಬುದನ್ನು ಇಲ್ಲಿ ವಿವರವಾಗಿ ಬರೆದಿದ್ದೇನೆ.

ಅಂಗಡಿಗೆ ಹೋಗುವ ಮುನ್ನ ಒಂದು ರೇಸಿನ ದಿನ ಬರಿಗೈಯಲ್ಲಿ ಟ್ರ್ಯಾಕಿಗೆ ಹೋಗಿ ಬನ್ನಿ. ಅಲ್ಲಿ ಯಾವ ಕ್ಲಾಸಿನಲ್ಲಿ ಹೆಚ್ಚು ಕಾರುಗಳು ಓಡುತ್ತಿವೆ, ಆ ಕ್ಲಾಸಿಗೆ ಯಾವ ಮೋಟಾರು, ಯಾವ ಬ್ಯಾಟರಿ ಕಡ್ಡಾಯ ಎಂಬುದನ್ನು ಕೇಳಿ ಬರೆದುಕೊಳ್ಳಿ. ಮೋಟಾರನ್ನು ನಿರ್ಧರಿಸುವುದು ನಿಯಮಪುಸ್ತಕವೇ ಹೊರತು ನಮ್ಮ ಆಸೆಯಲ್ಲ. ಅಮೆರಿಕದಲ್ಲಿ ಈ ರೇಸುಗಳಿಗೆ ನಿಯಮ ಮಾಡುವ ರೋರ್ ಸಂಸ್ಥೆಯ ನಿಯಮಗಳನ್ನು ಪಾಲಿಸುವ ಕ್ಲಬ್ಬುಗಳಲ್ಲಿ ಸ್ಟಾಕ್ ಕ್ಲಾಸ್ ಎಂದರೆ ಸಾಮಾನ್ಯವಾಗಿ 17.5 ಟರ್ನಿನ, ಬ್ರಷ್ ಇಲ್ಲದ ಬ್ರಷ್‌ಲೆಸ್ ಮೋಟಾರು. ವಿಂಟೇಜ್ ಟ್ರಾನ್ಸ್-ಆಮ್‌ನಂಥ ನಿಧಾನದ ಕ್ಲಾಸಿನಲ್ಲಿ 25.5, ಮಾಡಿಫೈಡ್ ಕ್ಲಾಸಿನಲ್ಲಿ ಮಿತಿಯೇ ಇಲ್ಲ. ನಮ್ಮ ಕಾಲದಂತೆ ಈಗಲೂ ಟರ್ನ್ ಕಡಿಮೆಯಾದಷ್ಟೂ ವೇಗ ಹೆಚ್ಚು, ಆದರೆ ಹಳೆಯ ಸಂಖ್ಯೆಗಳನ್ನು ಹೊಸದಕ್ಕೆ ಹೋಲಿಸಬಾರದು. ಬ್ರಷ್‌ಲೆಸ್ ಬಂದ ಹೊಸತರಲ್ಲಿ ಹಳೆಯ 27 ಟರ್ನಿನ ಜಾಗಕ್ಕೆ 13.5 ಬಂದಿತ್ತು, ಬ್ಯಾಟರಿ ಮತ್ತು ಮೋಟಾರುಗಳು ಸುಧಾರಿಸಿದಂತೆ ಆ ಜಾಗವನ್ನು 17.5 ಹಿಡಿಯಿತು. ಹಿಂದೆ ನೀವು ಮಾಡಿಫೈಡ್ ಓಡಿಸಿದವರಾಗಿದ್ದರೂ ಮೊದಲ ಒಂದು ವರ್ಷ 17.5ರಲ್ಲೇ ಇರಿ ಎಂಬುದು ನನ್ನ ಖಚಿತ ಸಲಹೆ. ಕೈಗೆ ಅಭ್ಯಾಸ ಮರಳಿ ಬರುವುದಕ್ಕೆ ಕಾರು ಗೋಡೆಗೆ ಬಡಿಯದೆ ಐದು ನಿಮಿಷ ಓಡುತ್ತಿರಬೇಕು.

ಹಣವನ್ನು ಹಂಚುವಾಗ ಮೊದಲ ಪಾಲು ರೇಡಿಯೊಗೆ ಸಲ್ಲಬೇಕು. ಕಾರು ಬದಲಾಗಬಹುದು, ಕ್ಲಾಸು ಬದಲಾಗಬಹುದು. ಒಳ್ಳೆಯ ಟ್ರಾನ್ಸ್‌ಮಿಟರ್ ಮಾತ್ರ ಹತ್ತು ವರ್ಷ ಜೊತೆಗಿರುತ್ತದೆ. ಹಿಂದೆ ಚಾನೆಲ್ ಬೋರ್ಡಿನಿಂದ ನಮ್ಮ ನಂಬರಿನ ಕ್ಲಿಪ್ಪನ್ನು ತೆಗೆದುಕೊಂಡು ಆಂಟೆನಾಕ್ಕೆ ಸಿಕ್ಕಿಸುವ ತನಕ ಸ್ವಿಚ್ ಹಾಕುವಂತಿರಲಿಲ್ಲ. ಬೇರೊಬ್ಬರು ಅದೇ ಚಾನೆಲಿನಲ್ಲಿದ್ದರೆ ಕಾರು ಕೈಬಿಟ್ಟು ಓಡುತ್ತಿತ್ತು. 2.4 ಗಿಗಾಹರ್ಟ್ಸ್ ಬಂದ ಮೇಲೆ ಆ ಕಾಟವೆಲ್ಲ ತಪ್ಪಿದೆ. ಟ್ರಾನ್ಸ್‌ಮಿಟರ್ ಮತ್ತು ರಿಸೀವರ್ ಒಮ್ಮೆ ಬೈಂಡ್ ಆದರೆ ಒಂದನ್ನೊಂದು ಗುರುತಿಸಿಕೊಂಡು, ಉಳಿದವರ ಸಂಕೇತಗಳ ನಡುವೆಯೂ ತಮ್ಮ ಪಾಡಿಗೆ ಕೆಲಸ ಮಾಡುತ್ತವೆ. ಆದರೆ ಒಂದು ಕಂಪನಿಯ ರೇಡಿಯೊ ಇನ್ನೊಂದು ಕಂಪನಿಯ ರಿಸೀವರಿನೊಂದಿಗೆ ಸಾಮಾನ್ಯವಾಗಿ ಬೈಂಡ್ ಆಗುವುದಿಲ್ಲ. ಎಷ್ಟೋ ವೇಳೆ ಒಂದೇ ಕಂಪನಿಯ ಎರಡು ತಲೆಮಾರುಗಳ ನಡುವೆಯೂ ಹೊಂದಿಕೆ ಇರುವುದಿಲ್ಲ. ಆದ್ದರಿಂದ ಸಾನ್ವಾ, ಫುಟಾಬಾ, ಕೆಓ ಪ್ರೊಪೊ, ಸ್ಪೆಕ್ಟ್ರಮ್ ಇವುಗಳಲ್ಲಿ ಯಾವುದನ್ನೇ ಆರಿಸಿದರೂ ಅದರ ರಿಸೀವರ್ ನಿಮ್ಮ ಊರಿನಲ್ಲಿ ಸಿಗುತ್ತದೆಯೇ, ಅದರ ಬೆಲೆ ಎಷ್ಟು ಎಂದು ಮೊದಲು ವಿಚಾರಿಸಿ. ಎರಡನೆಯ ಕಾರು ಬಂದಾಗ ಎರಡನೆಯ ರಿಸೀವರ್ ಬೇಕೇ ಬೇಕು. ಹಳೆಯ ಉತ್ತಮ ದರ್ಜೆಯ ರೇಡಿಯೊಗಳಿಗೆ 2.4 ಗಿಗಾಹರ್ಟ್ಸಿನ ಮಾಡ್ಯೂಲ್ ಸಿಕ್ಕಿಸುವ ದಾರಿ ಒಂದು ಕಾಲದಲ್ಲಿ ಇತ್ತು. ಆ ಮಾಡ್ಯೂಲಿಗೆ ಹೊಂದುವ ರಿಸೀವರುಗಳು ಈಗ ಅಪರೂಪವಾದ್ದರಿಂದ ನಾನು ಆ ದಾರಿಯನ್ನು ಸೂಚಿಸುವುದಿಲ್ಲ.

ರೇಡಿಯೊವನ್ನು ಕೈಯಲ್ಲಿ ಹಿಡಿದು ನೋಡದೆ ಕೊಳ್ಳಬೇಡಿ. ಟ್ರಿಗರ್ ಬೆರಳಿಗೆ ಎಲ್ಲಿ ಕೂರುತ್ತದೆ, ಚಕ್ರದ ಸ್ಪ್ರಿಂಗ್ ಎಷ್ಟು ಬಿಗಿಯಾಗಿದೆ, ಅರ್ಧ ಗಂಟೆ ಹಿಡಿದರೆ ಮಣಿಕಟ್ಟು ನೋಯುತ್ತದೆಯೇ ಎಂಬುದು ಸ್ಕ್ರೀನಿನ ಬಣ್ಣಕ್ಕಿಂತ ಮುಖ್ಯ. ಸ್ಟೀರಿಂಗ್ ಮತ್ತು ಥ್ರಾಟಲ್ಲಿನ ಸ್ಪಂದನೆಯನ್ನು ಹೊಂದಿಸುವ ಎಂಡ್ ಪಾಯಿಂಟ್, ಎಕ್ಸ್‌ಪೊನೆನ್ಷಿಯಲ್, ಡ್ಯುಯಲ್ ರೇಟ್, ಹತ್ತಾರು ಕಾರುಗಳ ಮೆಮೊರಿ ಈಗ ಮಧ್ಯಮ ಬೆಲೆಯ ರೇಡಿಯೊಗಳಲ್ಲೂ ಇವೆ. ಅತಿ ದುಬಾರಿ ರೇಡಿಯೊದಲ್ಲಿ ಸಂಕೇತ ಕಾರಿಗೆ ತಲುಪುವ ವೇಗ ಇನ್ನಷ್ಟು ಹೆಚ್ಚಿರುತ್ತದೆ ಎಂಬುದು ನಿಜ, ಆದರೆ ಮರಳಿ ಬಂದವರ ಲ್ಯಾಪ್ ಸಮಯದಲ್ಲಿ ಅದು ಕಾಣಿಸಿಕೊಳ್ಳುವುದಕ್ಕೆ ಕಾಲ ಬೇಕು. ಆ ಅತಿವೇಗದ ಮೋಡ್‌ಗಳನ್ನು ಡಿಜಿಟಲ್ ಸರ್ವೊಗಳೊಂದಿಗೆ (ಸರ್ವೊ ಎಂದರೆ ಮುಂದಿನ ಚಕ್ರಗಳನ್ನು ತಿರುಗಿಸುವ ಪುಟ್ಟ ಯಂತ್ರ) ಮಾತ್ರ ಬಳಸಬೇಕು. ಹಳೆಯ ಅನಲಾಗ್ ಸರ್ವೊ ಅದನ್ನು ತಾಳುವುದಿಲ್ಲ.

ಸರ್ವೊದ ವಿಷಯದಲ್ಲಿ ನಾನೇ ಒಂದು ತಪ್ಪು ಮಾಡಿದೆ. ಹಳೆಯ ಪೆಟ್ಟಿಗೆಯಲ್ಲಿದ್ದ ಸರ್ವೊ ಚೆನ್ನಾಗಿಯೇ ಇದೆಯಲ್ಲ ಎಂದು ಅದನ್ನು ಮೋಟಾರಿನ ವೇಗವನ್ನು ಹತೋಟಿಯಲ್ಲಿಡುವ ಹೊಸ ಸ್ಪೀಡ್ ಕಂಟ್ರೋಲರಿನ ಜೊತೆ ಹೊಸ ಕಾರಿಗೆ ಕೂರಿಸಿದೆ. ಕಂಟ್ರೋಲರಿನೊಳಗಿನ ಬಿಇಸಿ, ಅಂದರೆ ರಿಸೀವರ್ ಮತ್ತು ಸರ್ವೊಗೆ ವಿದ್ಯುತ್ ಕೊಡುವ ಭಾಗ, 7.4 ವೋಲ್ಟಿಗೆ ಹೊಂದಿಸಿಟ್ಟಿತ್ತು. ಸರ್ವೊದ ಮಿತಿ 6 ವೋಲ್ಟ್. ಚಕ್ರಗಳು ಮೊದಲು ಸಣ್ಣಗೆ ನಡುಗಿದವು, ಆಮೇಲೆ ಒಂದು ಬದಿಗೆ ಹೊರಳಿ ಅಲ್ಲಿಯೇ ನಿಂತವು, ಸುಟ್ಟ ವಾರ್ನಿಷ್‌ನಂಥ ವಾಸನೆ ಬಂತು. ಒಂದು ನಿಮಿಷವೂ ಹಿಡಿಯಲಿಲ್ಲ. ಹೊಸದನ್ನು ಕೊಳ್ಳುವವರು ಬಿಇಸಿಯ ವೋಲ್ಟೇಜನ್ನೂ ಸರ್ವೊದ ಮೇಲೆ ಬರೆದ ವೋಲ್ಟೇಜನ್ನೂ ಹೋಲಿಸಿ ನೋಡಿದ ಮೇಲೆಯೇ ತಂತಿ ಸಿಕ್ಕಿಸಬೇಕು. ಟೂರಿಂಗ್ ಕಾರಿಗೆ 60 ಡಿಗ್ರಿ ತಿರುಗುವುದಕ್ಕೆ 0.10 ಸೆಕೆಂಡಿನ ಆಸುಪಾಸು ತೆಗೆದುಕೊಳ್ಳುವ, ಹತ್ತು ಕೆಜಿ-ಸೆಂಟಿಮೀಟರ್ ಬಲದ ತಗ್ಗು ಎತ್ತರದ ಡಿಜಿಟಲ್ ಸರ್ವೊ ಸಾಕು. ಮಣ್ಣಿನ ಟ್ರ್ಯಾಕಿನ ಬಗ್ಗಿಗೆ ಬಲ ಇನ್ನೂ ಸ್ವಲ್ಪ ಹೆಚ್ಚಿದ್ದರೆ ಒಳ್ಳೆಯದು. ಸರ್ವೊದ ಮೇಲೆ ಕೂರಿಸುವ ಹಾರ್ನಿನ, ಅಂದರೆ ಪುಟ್ಟ ತೋಳಿನ, ಹಲ್ಲುಗಳನ್ನೂ ಎಣಿಸಿಕೊಳ್ಳಿ: ಫುಟಾಬಾ ಮಾದರಿಗೆ 25, ಹೈಟೆಕ್‌ಗೆ 24, ಸಾನ್ವಾ ಮತ್ತು ಕೆಓಗೆ 23. ಒಂದರದ್ದನ್ನು ಇನ್ನೊಂದಕ್ಕೆ ಒತ್ತಿ ಕೂರಿಸಿದರೆ ಹಲ್ಲು ಹಾಳಾಗುವುದು ಖಂಡಿತ.

ಎಲ್ಲಕ್ಕಿಂತ ಹೆಚ್ಚು ಬದಲಾಗಿರುವುದು ಬ್ಯಾಟರಿ, ಎಚ್ಚರ ಹೆಚ್ಚು ಬೇಕಾಗಿರುವುದೂ ಅಲ್ಲಿಯೇ. ಹಳೆಯ ಆರು ಸೆಲ್ಲುಗಳ ಜಾಗದಲ್ಲಿ ಈಗ ಎರಡು ಸೆಲ್ಲುಗಳ ಲೈಪೊ, ಅಂದರೆ ಲಿಥಿಯಂ ಪಾಲಿಮರ್ ಬ್ಯಾಟರಿ, ಇದೆ. ಅದರ ನಾಮಮಾತ್ರ ವೋಲ್ಟೇಜು 7.4, ಪೂರ್ತಿ ತುಂಬಿದಾಗ 8.4. ಹಳೆಯ ನಿಕಲ್ ಚಾರ್ಜರ್, ಬ್ಯಾಟರಿ ತುಂಬಿದಾಗ ವೋಲ್ಟೇಜು ತುಸು ಕುಸಿಯುವುದನ್ನು ಕಂಡು ನಿಲ್ಲುತ್ತಿತ್ತು. ಲೈಪೊದಲ್ಲಿ ಆ ಕುಸಿತ ಬರುವುದೇ ಇಲ್ಲ. ಚಾರ್ಜರ್ ಕಾಯುತ್ತಲೇ ವಿದ್ಯುತ್ತನ್ನು ತುಂಬುತ್ತಾ ಹೋಗುತ್ತದೆ, ಸೆಲ್ಲು ಊದಿಕೊಳ್ಳುತ್ತದೆ, ಬೆಂಕಿ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಹಳೆಯ ಚಾರ್ಜರಿಗೆ ಲೈಪೊ ಮೋಡ್ ಇಲ್ಲದಿದ್ದರೆ ಅದನ್ನು ಪಿಟ್ ಪೆಟ್ಟಿಗೆಯಿಂದಲೇ ಹೊರಗಿಡಿ. ಹಾಗೆಯೇ ಹಳೆಯ ಬ್ರಷ್ ಕಂಟ್ರೋಲರಿಗೆ ಲೈಪೊ ಕೊಡಬಾರದು. ಅದಕ್ಕೆ ಕಡಿಮೆ ವೋಲ್ಟೇಜಿನಲ್ಲಿ ನಿಲ್ಲಿಸಬೇಕೆಂಬ ಅರಿವಿಲ್ಲ, ಒಂದು ಸೆಲ್ಲು 3 ವೋಲ್ಟಿಗಿಂತ ಕೆಳಗಿಳಿದರೆ ಬ್ಯಾಟರಿ ಕೆಟ್ಟಂತೆಯೇ.

ಚಾರ್ಜರ್ ಕೊಳ್ಳುವಾಗ ಪ್ರತಿ ಸೆಲ್ಲನ್ನು ಬೇರೆಬೇರೆಯಾಗಿ ಅಳೆದು ಸಮ ಮಾಡುವ ಬ್ಯಾಲೆನ್ಸ್ ಸೌಲಭ್ಯ, ಒಳನಿರೋಧವನ್ನು ಮಿಲಿಓಮ್‌ಗಳಲ್ಲಿ ತೋರಿಸುವ ಸೌಲಭ್ಯ ಮತ್ತು ಬಳಸದೆ ಇಡುವಾಗಿನ ವೋಲ್ಟೇಜಿಗೆ ತರುವ ಸ್ಟೋರೇಜ್ ಮೋಡ್ ಈ ಮೂರೂ ಇವೆಯೇ ಎಂದು ನೋಡಿ. ಬ್ಯಾಟರಿಯ ಮೇಲೆ ದಪ್ಪಕ್ಷರದಲ್ಲಿ ಮುದ್ರಿಸಿರುವ, ಬ್ಯಾಟರಿ ಒಮ್ಮೆಗೆ ಎಷ್ಟು ವಿದ್ಯುತ್ ಕೊಡಬಲ್ಲದು ಎಂದು ಹೇಳುವ ಸಿ ರೇಟಿಂಗನ್ನು ನಾನು ಈಗ ಓದುವುದನ್ನೇ ಬಿಟ್ಟಿದ್ದೇನೆ. ಒಳನಿರೋಧ ಎಷ್ಟು ಕಡಿಮೆ, ಎರಡು ಸೆಲ್ಲುಗಳ ನಡುವೆ ವ್ಯತ್ಯಾಸ ಎಷ್ಟು ಎಂಬುದೇ ಬ್ಯಾಟರಿಯ ನಿಜವಾದ ಗುಣ. 6000 ಎಂಎಎಚ್ ಬ್ಯಾಟರಿಯನ್ನು 6 ಆಂಪಿಯರಿನಲ್ಲಿ, ಬೆಂಕಿ ತಡೆಯುವ ಚೀಲದೊಳಗಿಟ್ಟು, ನೀವು ಅಲ್ಲಿಯೇ ಇರುವಾಗ ಚಾರ್ಜ್ ಮಾಡಿ. ರೇಸು ಮುಗಿಸಿ ಮನೆಗೆ ಬಂದ ಮೇಲೆ ಸೆಲ್ಲಿಗೆ 3.8 ವೋಲ್ಟಿನ ಆಸುಪಾಸಿಗೆ ತಂದಿಡಿ. ಪೂರ್ತಿ ತುಂಬಿ ವಾರಗಟ್ಟಲೆ ಇಟ್ಟರೆ ಅದು ಊದಿಕೊಳ್ಳಲು ಶುರುವಾಗುತ್ತದೆ, ಊದಿದ ಬ್ಯಾಟರಿಯನ್ನು ಮತ್ತೆ ಬಳಸಲೇಬಾರದು. ಕಾರಿನ ಚಾಸಿಗೆ ಪೂರ್ತಿ ಉದ್ದದ ಪ್ಯಾಕ್ ಬೇಕೋ ಗಿಡ್ಡ ಶಾರ್ಟಿ ಪ್ಯಾಕ್ ಬೇಕೋ ಎಂಬುದನ್ನು ಅಳತೆ ಮಾಡಿಕೊಂಡೇ ಕೊಳ್ಳಿ. ಊರಿಗೆ ಬರುವಾಗ ವಿದೇಶದಿಂದ ಬ್ಯಾಟರಿ ತರುವವರಿಗೆ ಒಂದು ಮಾತು: 7.4 ವೋಲ್ಟಿನ 6000 ಎಂಎಎಚ್ ಪ್ಯಾಕ್ ಎಂದರೆ 44.4 ವಾಟ್-ಅವರ್, ಅದು ವಿಮಾನದಲ್ಲಿ ಒಯ್ಯುವುದಕ್ಕಿರುವ 100ರ ಮಿತಿಯೊಳಗಿದೆ. ಆದರೂ ಬಿಡಿ ಲಿಥಿಯಂ ಬ್ಯಾಟರಿಗಳನ್ನು ಟರ್ಮಿನಲ್ಲಿಗೆ ಟೇಪು ಸುತ್ತಿ ಕೈಚೀಲದಲ್ಲೇ ಒಯ್ಯಬೇಕು, ಚೆಕ್-ಇನ್ ಸಾಮಾನಿನಲ್ಲಿ ಹಾಕಬಾರದು.

ಮೋಟಾರು ಮತ್ತು ಕಂಟ್ರೋಲರ್ ಎರಡನ್ನೂ ಸೆನ್ಸರ್ ಇರುವ ಬಗೆಯದನ್ನೇ ಕೊಳ್ಳಬೇಕು. ರೋಟರ್ ಯಾವ ಕೋನದಲ್ಲಿದೆ ಎಂದು ಸೆನ್ಸರ್ ತಿಳಿಸುವುದರಿಂದ ಕಾರು ನಿಂತಲ್ಲಿಂದ ತಡವರಿಸದೆ ಹೊರಡುತ್ತದೆ, ತಿರುವಿನೊಳಗೆ ಸಣ್ಣ ಥ್ರಾಟಲ್ಲಿಗೂ ಸರಿಯಾಗಿ ಸ್ಪಂದಿಸುತ್ತದೆ. ಸ್ಟಾಕ್ ಕ್ಲಾಸಿನ ಕಂಟ್ರೋಲರ್ ಬ್ಲಿಂಕಿ ಮೋಡಿನಲ್ಲಿರಬೇಕು, ಅಂದರೆ ಒಳಗಿನ ಸಾಫ್ಟ್‌ವೇರ್ ಮೋಟಾರಿನ ಟೈಮಿಂಗನ್ನು ಮುಂದಕ್ಕೆ ಸರಿಸುವಂತಿಲ್ಲ. ಹಾಗಿದೆಯೆಂದು ತೋರಿಸುವುದಕ್ಕೆ ಟ್ರಿಗರ್ ಬಿಟ್ಟಾಗ ದೀಪ ಮಿನುಗುತ್ತಿರುತ್ತದೆ, ಪರಿಶೀಲಕರು ಅದನ್ನೇ ನೋಡುತ್ತಾರೆ. ಇದರಿಂದಾಗಿ 17.5ರಲ್ಲಿ ಅತಿ ದುಬಾರಿ ಕಂಟ್ರೋಲರಿನ ಹೆಚ್ಚುಗಾರಿಕೆ ಬಹುಪಾಲು ಬಳಕೆಗೇ ಬರುವುದಿಲ್ಲ. ಸ್ಟಾಕ್ ಕ್ಲಾಸಿಗೆಂದೇ ಮಾಡಿದ ಸಾಧಾರಣ ಬೆಲೆಯ ಕಂಟ್ರೋಲರ್ ಕೊಂಡು, ಉಳಿದ ಹಣವನ್ನು ಟೈರಿಗೆ ಇಟ್ಟುಕೊಳ್ಳಿ. ಮೋಟಾರು ಮಾತ್ರ ನಿಮ್ಮ ಕ್ಲಬ್ಬು ಒಪ್ಪುವ ಪಟ್ಟಿಯಲ್ಲಿ ಇರಲೇಬೇಕು.

ಬೆಸುಗೆ ಹಾಕುವಾಗ ಎ, ಬಿ, ಸಿ ಎಂದು ಗುರುತಿರುವ ಮೂರು ತಂತಿಗಳನ್ನು ಮೋಟಾರಿನ ಅದೇ ಅಕ್ಷರದ ಟ್ಯಾಬುಗಳಿಗೇ ಹಾಕಬೇಕು. ಸೆನ್ಸರ್ ಇಲ್ಲದ ಮೋಟಾರಿನಲ್ಲಿ ಎರಡು ತಂತಿ ಅದಲುಬದಲಾದರೆ ಅದು ಹಿಮ್ಮುಖ ತಿರುಗುತ್ತದೆ, ಅಷ್ಟೇ. ಸೆನ್ಸರ್ ಇರುವುದರಲ್ಲಿ ಹಾಗೆ ಮಾಡಿದರೆ ಕಂಟ್ರೋಲರೇ ಹಾಳಾಗಬಹುದು. 60 ವಾಟಿಗಿಂತ ಕಡಿಮೆಯ ಐರನ್ನಿನಿಂದ ಈ ದಪ್ಪ ತಂತಿಗಳಿಗೆ ಕೆಲಸವಾಗದು. ಮೊದಲು ತಂತಿಯ ತುದಿಗೂ ಟ್ಯಾಬಿಗೂ ಬೇರೆಬೇರೆಯಾಗಿ ಸೋಲ್ಡರ್ ಹಿಡಿಸಿ, ಆಮೇಲೆ ಎರಡನ್ನೂ ಕೂಡಿಸಿ ಐರನ್ನನ್ನು ಮೂರ್ನಾಲ್ಕು ಸೆಕೆಂಡು ಮಾತ್ರ ಇಟ್ಟು ತೆಗೆಯಿರಿ. ಸೋಲ್ಡರ್ ಹೊಳೆಯುತ್ತಾ ಹರಡಿ ನಿಂತರೆ ಸರಿ, ಮಂಕಾಗಿ ಉಂಡೆಗಟ್ಟಿದರೆ ಮತ್ತೊಮ್ಮೆ ಮಾಡಬೇಕು. ಸೆನ್ಸರ್ ಕೇಬಲ್ಲಿನಲ್ಲಿ ಕೂದಲಿನಂಥ ಆರು ಎಳೆಗಳಿವೆ. ಅದನ್ನು ಎಂದೂ ತಂತಿ ಹಿಡಿದು ಎಳೆಯಬೇಡಿ, ಉಗುರಿನಿಂದ ಕನೆಕ್ಟರನ್ನೇ ಹಿಡಿದು ಬಿಡಿಸಿ. ಹೊರಡುವಾಗ ಕಾರು ಇದ್ದಕ್ಕಿದ್ದಂತೆ ಮುಗ್ಗರಿಸತೊಡಗಿದರೆ ಮೊದಲು ಅನುಮಾನಿಸಬೇಕಾದದ್ದು ಈ ಕೇಬಲ್ಲನ್ನು. ಪಿಟ್ ಪೆಟ್ಟಿಗೆಯಲ್ಲಿ ಇನ್ನೊಂದು ಇರಲಿ.

ಗೇರಿಂಗಿನಲ್ಲಿ ಕಾರಿನ ಕೈಪಿಡಿ ಹೇಳುವ ಪಿನಿಯನ್ನಿಗಿಂತ, ಅಂದರೆ ಮೋಟಾರಿನ ಮೇಲಿನ ಚಿಕ್ಕ ಗೇರಿಗಿಂತ, ಒಂದೆರಡು ಹಲ್ಲು ಚಿಕ್ಕದರಿಂದ ಆರಂಭಿಸಿ, ಐದು ನಿಮಿಷ ಓಡಿಸಿದ ಕೂಡಲೇ ಮೋಟಾರಿನ ಬಿಸಿಯನ್ನು ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ನೋಡಿ. 70 ಡಿಗ್ರಿ ಸೆಲ್ಸಿಯಸ್ ದಾಟದಂತೆ ಇರಿಸಿಕೊಂಡು ಹಲ್ಲು ಏರಿಸುತ್ತಾ ಹೋಗಿ. ಅತಿಯಾದ ಬಿಸಿಗೆ ರೋಟರಿನ ಅಯಸ್ಕಾಂತ ತನ್ನ ಬಲ ಕಳೆದುಕೊಳ್ಳುತ್ತದೆ.

ರಿಸೀವರಿನೊಳಗೆ ಗೈರೊ ಇರುವ ಸಿದ್ಧ ಸೆಟ್ಟುಗಳನ್ನು ರೇಸಿಗೆ ತರಬೇಡಿ. ಕಾರನ್ನು ತಾನೇ ನೇರ ಮಾಡುವ ಅಂಥ ಸಹಾಯಕ್ಕೆ ರೇಸಿನ ನಿಯಮಗಳು ಸಾಮಾನ್ಯವಾಗಿ ಅವಕಾಶ ಕೊಡುವುದಿಲ್ಲ. ಲ್ಯಾಪ್ ಎಣಿಸುವ ಟ್ರಾನ್ಸ್‌ಪಾಂಡರ್ ನಿಮ್ಮ ಬಳಿ ಹಳೆಯದಿದ್ದರೆ ಕ್ಲಬ್ಬಿನ ಡಿಕೋಡರ್ ಅದನ್ನು ಓದುತ್ತದೆಯೇ ಎಂದು ಕೇಳಿದ ಮೇಲೆ ಹೊಸದರ ಯೋಚನೆ ಮಾಡಿ. ಅದಕ್ಕೆ ವಿದ್ಯುತ್ ಸಿಗುವುದು ರಿಸೀವರಿನ ಖಾಲಿ ಚಾನೆಲಿನಿಂದ.

ಎಲ್ಲ ಜೋಡಣೆ ಮುಗಿದ ಮೇಲೆ ಕಾರನ್ನು ಸ್ಟ್ಯಾಂಡಿನ ಮೇಲಿಟ್ಟು, ಚಕ್ರಗಳು ಗಾಳಿಯಲ್ಲಿರುವಾಗಲೇ ಫೇಲ್-ಸೇಫ್ ಹೊಂದಿಸಬೇಕು. ರೇಡಿಯೊದ ಸಂಪರ್ಕ ತಪ್ಪಿದರೆ ಥ್ರಾಟಲ್ ನ್ಯೂಟ್ರಲ್ಲಿಗೋ ಬ್ರೇಕಿಗೋ ಬರಲೇಬೇಕು. ಹೊಂದಿಸಿದ್ದೇನೆ ಎಂದುಕೊಂಡು ಸುಮ್ಮನಾಗದೆ, ಅರ್ಧ ಥ್ರಾಟಲ್ ಒತ್ತಿ ಹಿಡಿದಿರುವಾಗಲೇ ಟ್ರಾನ್ಸ್‌ಮಿಟರಿನ ಸ್ವಿಚ್ ಆಫ್ ಮಾಡಿ ನೋಡಿ. ಚಕ್ರಗಳು ಕೂಡಲೇ ನಿಲ್ಲದಿದ್ದರೆ ಮತ್ತೆ ಬೈಂಡ್ ಮಾಡಿ, ಮತ್ತೆ ಹೊಂದಿಸಿ, ಅವು ನಿಲ್ಲುವ ತನಕ ಕಾರನ್ನು ಟ್ರ್ಯಾಕಿಗೆ ಇಳಿಸಬೇಡಿ. ತಿರುವಿನಲ್ಲಿ ಮಗುಚಿದ ಕಾರುಗಳನ್ನು ಎತ್ತಿಡಲು ನಿಂತಿರುವವರ ಕಾಲುಗಳು ಅಲ್ಲಿಯೇ ಇರುತ್ತವೆ.