ಏಳು ವರ್ಷಕ್ಕೇ ಹಲ್ಲಿಗೆ ಕ್ಲಿಪ್ ಬೇಕಾ? ಮೊದಲು ಹೀಗೆ ನೋಡಿ

"ಹಾಲುಹಲ್ಲು ತಾನೇ, ಬಿದ್ದುಹೋಗುತ್ತೆ ಬಿಡಿ" ಅನ್ನುವವರೇ ಜಾಸ್ತಿ. ಸೊಟ್ಟ ಹಲ್ಲನ್ನು ಸಾಲಾಗಿ ಕೂರಿಸುವುದಕ್ಕೆ 12 ವರ್ಷದವರೆಗೂ ಕಾಯಬಹುದು, ನಿಜ. ಆದರೆ ದವಡೆಯ ಬೆಳವಣಿಗೆ ನಮಗಾಗಿ ಕಾಯುವುದಿಲ್ಲ. ಅದಕ್ಕೇ 7 ವರ್ಷದೊಳಗೆ ಒಮ್ಮೆ ಹಲ್ಲು, ದವಡೆಯ ಜೋಡಣೆ ಸರಿಪಡಿಸುವ ದಂತವೈದ್ಯರಿಗೆ, ಅಂದರೆ ಆರ್ಥೊಡಾಂಟಿಸ್ಟ್‌ಗೆ ತೋರಿಸಿ ಎಂದು ಅಮೆರಿಕದ ತಜ್ಞರ ಸಂಘ ಹೇಳುತ್ತದೆ. ತೋರಿಸಿದ ಮಾತ್ರಕ್ಕೆ ಚಿಕಿತ್ಸೆ ಶುರು ಮಾಡಬೇಕು ಎಂದಲ್ಲ.

ಮೊದಲು ಮನೆಯಲ್ಲೇ ನೋಡಿ. ಮಗುವನ್ನು ಬೆಳಕಿಗೆ ಕೂರಿಸಿ, "ಹಿಂದಿನ ಹಲ್ಲು ಕಚ್ಚು ಪುಟ್ಟ" ಅನ್ನಿ. ಬೆರಳಿನಿಂದ ಕೆನ್ನೆ ಸ್ವಲ್ಪ ಸರಿಸಿ. ಡಬ್ಬಿಯ ಮೇಲೆ ಮುಚ್ಚಳ ಕೂತ ಹಾಗೆ ಮೇಲಿನ ಹಲ್ಲುಗಳು ಕೆಳಗಿನವುಗಳ ಹೊರಗೆ ಇರಬೇಕು. ಒಂದು ಕಡೆ ಅದು ತಿರುವುಮುರುವಾಗಿದೆಯಾ? ಬಾಯಿ ಮುಚ್ಚುವಾಗ ಗದ್ದ ಪಕ್ಕಕ್ಕೆ ಜಾರುತ್ತದಾ? ಹಾಗಿದ್ದರೆ ತಡಮಾಡಬೇಡಿ. ರಾತ್ರಿ ಬಾಯಿ ತೆರೆದು ಮಲಗಿ ಗೊರಕೆ ಹೊಡೆಯುವ ಮಗುವನ್ನು ಕಿವಿ-ಮೂಗು-ಗಂಟಲು ವೈದ್ಯರಿಗೂ ತೋರಿಸಿ.

ಎಂಟೊಂಬತ್ತು ವರ್ಷದಲ್ಲಿ ಮುಂದಿನ ಹಲ್ಲುಗಳ ನಡುವೆ ಸಂದು ಕಂಡರೆ ಸುಮ್ನೆ ಗಾಬರಿಯಾಗಬೇಡಿ. ಕೋರೆಹಲ್ಲು ಬಂದಾಗ ಸಾಮಾನ್ಯವಾಗಿ ಅದೇ ಮುಚ್ಚಿಕೊಳ್ಳುತ್ತದೆ.

ವೈದ್ಯರ ಬಳಿ ಒಂದು ಪ್ರಶ್ನೆ ಮರೆಯದೆ ಕೇಳಿ: "ಈಗ ಮಾಡದಿದ್ದರೆ ಏನಾಗುತ್ತೆ?" ಬರೀ ಹಲ್ಲು ಒತ್ತೊತ್ತಾಗಿದ್ದರೆ ಎಷ್ಟೋ ಸಲ ಕಾಯಬಹುದು. "ಆರು ತಿಂಗಳು ಬಿಟ್ಟು ಬನ್ನಿ" ಅನ್ನುವ ವೈದ್ಯರ ಮೇಲೆ ನನಗೆ ನಂಬಿಕೆ ಹೆಚ್ಚು.

ಹುಳುಕಾಗಿ ಹಾಲಿನ ದವಡೆಹಲ್ಲನ್ನು ಬೇಗ ಕೀಳಿಸಿದ್ದರೆ ಹಿಂದಿನ ಹಲ್ಲು ಮುಂದಕ್ಕೆ ಸರಿದು ಜಾಗ ನುಂಗುತ್ತದೆ. ಅದನ್ನು ತಡೆಯಲು ಸ್ಪೇಸ್ ಮೇಂಟೇನರ್ ಎಂಬ, ಜಾಗ ಕಾಯುವ ಸಣ್ಣ ಸಾಧನ ಹಾಕುತ್ತಾರೆ. ಕೆಳದವಡೆ ಮುಂದೆ, ಮೇಲ್ದವಡೆ ಹಿಂದೆ ಉಳಿದಿದ್ದರೆ ಫೇಸ್ ಮಾಸ್ಕ್, ಅಂದರೆ ಮುಖದ ಹೊರಗೆ ಹಾಕಿಕೊಂಡು ಮೇಲ್ದವಡೆಯನ್ನು ಮುಂದಕ್ಕೆ ಎಳೆಯುವ ಸಾಧನ. ಅದನ್ನು 10 ವರ್ಷದೊಳಗೆ ಹಾಕಿದರೆ ಫಲ ಚೆನ್ನಾಗಿರುತ್ತದೆ.

ಮೇಲ್ದವಡೆ ಕಿರಿದಾಗಿದ್ದರೆ ಎಕ್ಸ್‌ಪಾಂಡರ್, ಅಂದರೆ ಅಂಗುಳದ ಬಳಿ ಕೂರಿಸಿ, ಸ್ಕ್ರೂ ತಿರುಗಿಸುತ್ತಾ ದವಡೆ ಅಗಲ ಮಾಡುವ ಸಾಧನ. ಅಂಗುಳದ ನಡುವಿನ ಬೆಸುಗೆ ಇನ್ನೂ ಗಟ್ಟಿಯಾಗಿರದ ಕಾರಣ ದವಡೆ ಅಗಲವಾಗುತ್ತದೆ. ಆ ಸ್ಕ್ರೂವನ್ನು ಪುಟ್ಟ ಕೀಲಿಯಿಂದ ತಿರುಗಿಸುವ ಕೆಲಸ ಮನೆಯವರದು. ಸಾಮಾನ್ಯವಾಗಿ ಒಂದು ತಿರುವಿಗೆ ಕಾಲು ಮಿಲಿಮೀಟರ್. ಕೀಲಿಗೆ ದಾರ ಕಟ್ಟಿಕೊಳ್ಳಿ, ಕೈ ಜಾರಿದರೆ ಗಂಟಲಿಗೆ ಹೋಗಬಾರದು ಅಲ್ವಾ? ವೈದ್ಯರು ಹೇಳಿದ ಲೆಕ್ಕಕ್ಕಿಂತ ಒಂದು ತಿರುವೂ ಜಾಸ್ತಿ ಬೇಡ. ಮುಂದಿನ ಹಲ್ಲುಗಳ ನಡುವೆ ಸಂದು ಬಿಟ್ಟರೆ ಹೆದರಬೇಡಿ, ದವಡೆ ಅಗಲವಾಗುತ್ತಿದೆ ಎಂದರ್ಥ. ತಿರುಗಿಸುವುದು ನಿಂತ ಮೇಲೂ ಕೆಲವು ತಿಂಗಳು ಅದು ಬಾಯಲ್ಲೇ ಇರಬೇಕು. ಮೂಳೆ ತುಂಬಿಕೊಳ್ಳಲು ಅಷ್ಟು ಸಮಯ ಬೇಕು.

ಇಷ್ಟೆಲ್ಲ ಆದರೂ ದೊಡ್ಡವರಾದ ಮೇಲೆ ಕ್ಲಿಪ್ ಬೇಕಾಗಬಹುದು. ಎರಡೂ ಹಂತದ ಖರ್ಚನ್ನು ಮೊದಲೇ ಬರೆಸಿಕೊಳ್ಳಿ. ಹಣದ ಚಿಂತೆಯಿದ್ದರೆ ಬೆಂಗಳೂರಿನ ಸರ್ಕಾರಿ ದಂತ ಕಾಲೇಜಿನಂಥ ಕಡೆ ವಿಚಾರಿಸಿ.